ಅಲಗಿನ ಮುದ್ರೆಯೂ ನಿಜವಾದ ಕರ್ತೃವೂ

ವ್ಯಾಪಾರದಲ್ಲಿ ವಸ್ತುವಿಗಿಂತಲೂ ಅದರ ಮೇಲಿನ ಹೆಸರಿಗೇ ಹೆಚ್ಚು ಬೆಲೆ ಬರುವ ಪ್ರಸಂಗಗಳು ಹಲವು. ಒಂದೇ ಅಳತೆಯ, ಒಂದೇ ಹದದ ಉಕ್ಕಿನ ಎರಡು ಹಳೆಯ ಮಡಿಚು ಚಾಕುಗಳನ್ನು ಮೇಜಿನ ಮೇಲಿಡಿರಿ. ಒಂದರ ಅಲಗಿನ ಬುಡದಲ್ಲಿ ಹೆಸರಾಂತ ಸಂಸ್ಥೆಯ ಮುದ್ರೆಯಿದ್ದು, ಇನ್ನೊಂದು ಬರಿದಾಗಿದ್ದರೆ, ಸಂಗ್ರಾಹಕರು ಮೊದಲನೆಯದಕ್ಕೆ ಹಲವು ಪಟ್ಟು ಹೆಚ್ಚು ಹಣ ಕೊಡಲು ಸಿದ್ಧರಾಗುತ್ತಾರೆ. ಆದರೆ ಆ ಹೆಸರು ಯಾರ ಸ್ವತ್ತು? ಅದನ್ನು ಅಲ್ಲಿ ಒತ್ತಿದವರು ಯಾರು? ಚಾಕುವನ್ನು ಮಾಡಿದವರು ಯಾರು? ಈ ಮೂರು ಪ್ರಶ್ನೆಗಳಿಗೆ ಉತ್ತರ ಒಂದೇ ಎಂದು ನಾವು ಭಾವಿಸಿಕೊಳ್ಳುತ್ತೇವೆ. ಅನೇಕ ಸಲ ಮೂರಕ್ಕೂ ಮೂರು ಬೇರೆ ಉತ್ತರಗಳಿರುತ್ತವೆ.

ಶ್ರಾವಕರ ಪತ್ರಿಕೆಯಲ್ಲಿ ಚಾಕುವಿನ ವಿಚಾರವೇಕೆ ಎಂದು ವಾಚಕರು ಕೇಳಬಹುದು. ಹಿಂಸೋಪಕರಣಗಳನ್ನು ಪರರಿಗೆ ಒದಗಿಸುವುದು ಅನರ್ಥದಂಡವೆಂದು ನಮ್ಮ ಶ್ರಾವಕಾಚಾರಗಳು ಹೇಳಿರುವುದನ್ನು ನಾನು ಬಲ್ಲೆ. ನಾನಿಲ್ಲಿ ಹೇಳುತ್ತಿರುವುದು ಆಯುಧದ ಮಾತಲ್ಲ. ಜೇಬಿನಲ್ಲಿ ಹಿಡಿಸುವ, ಹಣ್ಣು ಹೆಚ್ಚಲು, ದಾರ ಕತ್ತರಿಸಲು ಬಳಸುವ ಸಣ್ಣ ಉಪಕರಣದ ಮಾತು. ಗರಿಯ ಲೇಖನಿಯ ತುದಿಯನ್ನು ಕೊರೆಯಲು ಬಳಸುತ್ತಿದ್ದುದರಿಂದಲೇ ಅದಕ್ಕೆ ಇಂಗ್ಲಿಷಿನಲ್ಲಿ ಪೆನ್‌ನೈಫ್ ಎಂಬ ಹೆಸರು ಬಂದಿತು. ಹುಬ್ಬಳ್ಳಿಯಲ್ಲಿ ನಾಲ್ಕು ದಶಕಗಳ ಕಾಲ ಕಬ್ಬಿಣದ ಸಾಮಾನಿನ ಅಂಗಡಿ ನಡೆಸಿದವನಿಗೆ ಬೀಗ, ತಿರುಪು, ಈಳಿಗೆಗಳ ಜೊತೆಗೆ ಇಂತಹವೂ ಕೈಗೆ ಬರುತ್ತಿದ್ದವು. ಅಮೆರಿಕದಲ್ಲಿ ನೆಲೆಸಿರುವ ನನ್ನ ತಂಗಿಯ ಮಗ ಹಳೆಯ ಚಾಕುಗಳ ಸಂಗ್ರಾಹಕ. ಎರಡು ಬಾರಿ ಅವನ ಮನೆಯಲ್ಲಿ ತಂಗಿದ್ದಾಗ ಅವನ ಪೆಟ್ಟಿಗೆಗಳನ್ನೂ ಪುಸ್ತಕಗಳನ್ನೂ ನಿಧಾನವಾಗಿ ನೋಡುವ ಅವಕಾಶ ದೊರೆಯಿತು. ವ್ಯಾಪಾರಿಯ ಸತ್ಯವ್ರತಕ್ಕೆ ಒದಗುವ ಸೂಕ್ಷ್ಮ ಪರೀಕ್ಷೆಯೊಂದು ಅಲ್ಲಿ ನನಗೆ ಕಂಡಿತು.

ಈ ಕಸುಬಿನ ಹಿರಿಯ ನೆಲೆ ಇಂಗ್ಲೆಂಡಿನ ಷೆಫೀಲ್ಡ್ ನಗರ. ಅಲ್ಲಿಯ ಚಾಕು ಕತ್ತರಿ ತಯಾರಕರ ಸಂಘವಾದ ಕಟ್ಲರ್ಸ್ ಕಂಪನಿಯು 1624ರಲ್ಲಿ ಪಾರ್ಲಿಮೆಂಟಿನ ಕಾಯಿದೆಯಿಂದ ಸ್ಥಾಪಿತವಾಯಿತು. ಕಸುಬುದಾರನಿಗೆ ಒಂದು ಗುರುತನ್ನು ಕೊಟ್ಟು ದಾಖಲಿಸುವುದು, ಒಬ್ಬನ ಗುರುತನ್ನು ಇನ್ನೊಬ್ಬನು ಒತ್ತದಂತೆ ಕಾಯುವುದು ಅದರ ಮುಖ್ಯ ಕಾರ್ಯಗಳಲ್ಲಿ ಒಂದು. ಜೋಸೆಫ್ ರಾಜರ್ಸ್ ಸಂಸ್ಥೆಯ ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆ, ಜಾರ್ಜ್ ವೊಸ್ಟೆನ್‌ಹೋಮ್ ಸಂಸ್ಥೆಯ ಐ-ಎಕ್ಸ್-ಎಲ್ ಅಕ್ಷರಗಳು ಲೋಕಪ್ರಸಿದ್ಧವಾದ ಗುರುತುಗಳು. ಆದರೆ ಗುರುತೂ ಒಂದು ಆಸ್ತಿಯೇ. ಐ-ಎಕ್ಸ್-ಎಲ್ ಗುರುತು 1787ರಲ್ಲಿ ಬೇರೊಬ್ಬ ಕಸುಬುದಾರನ ಹೆಸರಿನಲ್ಲಿ ದಾಖಲಾಗಿ, 1826ರಲ್ಲಿ ವೊಸ್ಟೆನ್‌ಹೋಮ್‌ರ ಕೈಸೇರಿತು. 1971ರಲ್ಲಿ ವೊಸ್ಟೆನ್‌ಹೋಮ್ ಸಂಸ್ಥೆಯೇ ರಾಜರ್ಸ್ ಸಂಸ್ಥೆಯಲ್ಲಿ ಸೇರಿಹೋಯಿತು. ಮನೆಯ ಬಾಗಿಲಿನ ಹಲಗೆ ಹಾಗೆಯೇ ಇದ್ದು ಒಳಗಿನ ವಾಸಿಗಳು ಬದಲಾದಂತೆ, ಗುರುತು ಉಳಿದು ಒಡೆಯರು ಬದಲಾಗುತ್ತಾರೆ.

ಒಡೆಯನು ಯಾರೆಂದು ತಿಳಿದ ಮಾತ್ರಕ್ಕೆ ಮಾಡಿದವನು ಯಾರೆಂದು ತಿಳಿಯುವುದಿಲ್ಲ. ಷೆಫೀಲ್ಡಿನಲ್ಲಿ ಅಲಗನ್ನು ಬಡಿಯುವವನು ಒಬ್ಬ, ಸಾಣೆ ಹಿಡಿಯುವವನು ಇನ್ನೊಬ್ಬ, ಹಿಡಿ ಕೂಡಿಸಿ ಚಾಕುವನ್ನು ಸಿದ್ಧಗೊಳಿಸುವವನು ಮತ್ತೊಬ್ಬ. ಇವರಲ್ಲಿ ಬಹುಮಂದಿ ‘ಲಿಟ್ಲ್ ಮೆಸ್ಟರ್’ ಎಂದು ಕರೆಯಲ್ಪಡುತ್ತಿದ್ದ ಸಣ್ಣ ಯಜಮಾನರು. ಬಾಡಿಗೆಯ ಕೋಣೆಯಲ್ಲಿ ತಮ್ಮದೇ ಉಪಕರಣಗಳಿಂದ ದುಡಿದು, ದೊಡ್ಡ ಸಂಸ್ಥೆಗಳಿಗೆ ಮಾಲು ಒಪ್ಪಿಸುತ್ತಿದ್ದವರು. ಒಣ ಸಾಣೆಯ ಕೆಲಸದಲ್ಲಿ ಮರಳುಗಲ್ಲಿನ ದೂಳನ್ನು ಸೇವಿಸಿ ಶ್ವಾಸಕೋಶ ಕೆಟ್ಟು ನಡುವಯಸ್ಸನ್ನೂ ಕಾಣದೆ ಸತ್ತ ಸಾಣೆಗಾರರು ಹತ್ತೊಂಬತ್ತನೆಯ ಶತಮಾನದಲ್ಲಿ ಅಸಂಖ್ಯರು. ಅವರಲ್ಲಿ ಯಾರ ಹೆಸರೂ ಅಲಗಿನ ಮೇಲಿಲ್ಲ. 2021ರಲ್ಲಿ ತೀರಿಕೊಂಡ ಸ್ಟಾನ್ ಷಾ ಎಂಬ ಕುಶಲಿಯು ಹುಡುಗನಾಗಿದ್ದಾಗಲೇ ಒಂದು ಸಂಸ್ಥೆಯ ಕೆಲಸಕ್ಕೆ ಸೇರಿ, ಮುಂದೆ ಕೆಲ್ಹಮ್ ಐಲೆಂಡ್ ವಸ್ತುಸಂಗ್ರಹಾಲಯದ ಕಮ್ಮಟದಲ್ಲಿ ಕುಳಿತು ತನ್ನದೇ ಹೆಸರಿನಲ್ಲಿ ಚಾಕು ಮಾಡಿದನು. ಅಂತಹ ಭಾಗ್ಯ ಆ ಕಸುಬಿನಲ್ಲಿ ಕೆಲವರದೇ.

ಇದು ಒಪ್ಪಂದದಿಂದ ಮರೆಯಾದ ಕರ್ತೃತ್ವ. ವಂಚನೆಯಿಂದ ಕದ್ದ ಕರ್ತೃತ್ವ ಬೇರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಪರದೇಶದ ಅಗ್ಗದ ಅಲಗುಗಳ ಮೇಲೆ ಷೆಫೀಲ್ಡಿನ ಹೆಸರು ಒತ್ತಿ ಮಾರುವ ಚಾಳಿ ಬೆಳೆಯಿತು. ಜರ್ಮನಿಯ ಜೋಲಿಂಗೆನ್ ನಗರದ ಕೆಲವು ಸರಕಿನ ಮೇಲೆ ಈ ದೂರು ಬಲವಾಗಿತ್ತು. ಇಂತಹ ದೂರುಗಳ ಫಲವಾಗಿ 1887ರಲ್ಲಿ ಬ್ರಿಟನ್ನು ಸರಕಿನ ಗುರುತುಗಳ ಕಾಯಿದೆಯನ್ನು ತಂದಿತು. ಅಮೆರಿಕವು 1890ರ ಮೆಕಿನ್ಲಿ ಸುಂಕದ ಕಾಯಿದೆಯಿಂದ, ಆಮದಾಗುವ ಸರಕಿನ ಮೇಲೆ ದೇಶದ ಹೆಸರಿರಬೇಕೆಂಬ ನಿಯಮವನ್ನು 1891ರಿಂದ ಜಾರಿಗೊಳಿಸಿತು. ಕಾಲ ತಿರುಗಿತು. ಮುಂದೆ ಜೋಲಿಂಗೆನ್ ಹೆಸರೇ ಉತ್ತಮ ಉಕ್ಕಿನ ಸಂಕೇತವಾಗಿ, ಆ ಹೆಸರನ್ನು ನಕಲಿನಿಂದ ಕಾಯಲು ಜರ್ಮನಿಯೂ 1938ರಲ್ಲಿ ಒಂದು ಶಾಸನವನ್ನು ಮಾಡಬೇಕಾಯಿತು. ಕೀರ್ತಿ ಎಲ್ಲಿ ಹುಟ್ಟುವುದೋ ಅಲ್ಲಿಗೆ ನಕಲು ಹುಡುಕಿಕೊಂಡು ಬರುತ್ತದೆ.

ಅಮೆರಿಕದ ಚಾಕುಗಳಲ್ಲಿ ತೊಡಕು ಇನ್ನೊಂದು ಬಗೆಯದು. ಸೇಂಟ್ ಲೂಯಿಸಿನ ಸಿಮನ್ಸ್ ಹಾರ್ಡ್‌ವೇರ್, ಷಿಕಾಗೋದ ಹಿಬ್ಬರ್ಡ್ ಸ್ಪೆನ್ಸರ್ ಬಾರ್ಟ್ಲೆಟ್ ಮುಂತಾದ ಸಗಟು ವ್ಯಾಪಾರಿಗಳು ತಮ್ಮ ಸ್ವಂತ ಮುದ್ರೆಯ ಚಾಕುಗಳನ್ನು ಬೇರೆ ಕಾರ್ಖಾನೆಗಳಿಂದ ಮಾಡಿಸಿಕೊಳ್ಳುತ್ತಿದ್ದರು. ಆಮದುದಾರನಾಗಿದ್ದ ಅಡಾಲ್ಫ್ ಕಾಸ್ಟರ್ 1902ರಲ್ಲಿ ನ್ಯೂಯಾರ್ಕ್ ರಾಜ್ಯದ ಕಮಿಲಸ್ ಊರಿನ ಕಾರ್ಖಾನೆಯನ್ನು ಕೊಂಡನು. 2007ರಲ್ಲಿ ಮುಚ್ಚುವವರೆಗೆ ಅದು ಎಷ್ಟೋ ಪರರ ಹೆಸರುಗಳಲ್ಲಿ ಚಾಕು ಮಾಡಿತು. ಬಕ್ ಸಂಸ್ಥೆಯ ಮುನ್ನೂರರ ಸರಣಿಯ ಸಣ್ಣ ಚಾಕುಗಳನ್ನು ಆರಂಭದ ವರ್ಷಗಳಲ್ಲಿ ಮಾಡಿಕೊಟ್ಟವು ಷ್ರೇಡ್ ಮತ್ತು ಕಮಿಲಸ್ ಕಾರ್ಖಾನೆಗಳು. ಷ್ರೇಡ್ ಕಾರ್ಖಾನೆ 2004ರಲ್ಲಿ ಮುಚ್ಚಿತು. ಅದರ ಹೆಸರು ಮಾತ್ರ ಮಾರಾಟವಾಗಿ, ಚೀನಾದಲ್ಲಿ ತಯಾರಾದ ಚಾಕುಗಳ ಮೇಲೆ ಮುಂದುವರಿಯಿತು. ಇಲ್ಲಿ ಕಾನೂನಿನ ಪ್ರಕಾರ ತಪ್ಪಿಲ್ಲ. ಆದರೆ ‘ಇದು ಷ್ರೇಡ್ ಚಾಕು’ ಎಂಬ ಒಂದೇ ವಾಕ್ಯ 2004ರ ಮೊದಲು ಹೇಳಿದ ಅರ್ಥವನ್ನು ಅನಂತರ ಹೇಳಲಾರದು. ಇದಕ್ಕೆ ಪ್ರತಿಯಾಗಿ ಕೇಸ್ ಸಂಸ್ಥೆಯ ಕ್ರಮ ನೋಡಿರಿ. 1970ರಲ್ಲಿ ಅಲಗಿನ ಬುಡದಲ್ಲಿ ಹತ್ತು ಚುಕ್ಕೆಗಳನ್ನಿಟ್ಟು, ಪ್ರತಿ ವರ್ಷ ಒಂದೊಂದನ್ನು ಕಳೆಯುತ್ತ ಬಂದಿತು. ಚುಕ್ಕೆ ಎಣಿಸಿದರೆ ವರ್ಷ ತಿಳಿಯುತ್ತದೆ. ತನ್ನ ಸರಕಿನ ಜನ್ಮಪತ್ರಿಕೆಯನ್ನು ತಾನೇ ಬರೆದಿಡುವ ತಯಾರಕನು ಮುಂದಿನ ತಲೆಮಾರಿನ ವ್ಯಾಪಾರಿಯನ್ನು ಸುಳ್ಳಿನಿಂದ ಕಾಪಾಡುತ್ತಾನೆ.

ಹಾಗಾದರೆ ಕರ್ತೃವನ್ನು ನಿರ್ಣಯಿಸುವುದು ಹೇಗೆ? ಬಲ್ಲವರು ಮುದ್ರೆಯನ್ನು ಕೊನೆಯಲ್ಲಿ ಓದುತ್ತಾರೆ. ಮೊದಲು ನೋಡಬೇಕಾದದ್ದು ಕಟ್ಟಡ: ಹಿಡಿಗೆ ಹಾಕಿದ ಮೊಳೆಗಳು ಎಷ್ಟು, ಎಲ್ಲಿವೆ, ಉಗುರು ಸಿಕ್ಕಿಸುವ ಕಚ್ಚು ಉದ್ದವೋ ಅರ್ಧಚಂದ್ರವೋ, ಅಲಗು ಮಡಿಚುವಾಗ ಸ್ಪ್ರಿಂಗಿನ ಬಿಗಿ ಎಂತಹದು. ಷ್ರೇಡ್ ಕಾರ್ಖಾನೆಯಲ್ಲಿ ಸ್ವಿಂಡನ್ ಕೀ ಎಂಬ ಕ್ರಮದಿಂದ ಮೊಳೆಗಳು ಹೊರಗೆ ಕಾಣದಂತೆ ಹಿಡಿಯನ್ನು ಕೂಡಿಸುತ್ತಿದ್ದರು. ಆ ಗುಟ್ಟು ತಿಳಿದವನಿಗೆ ಪರರ ಹೆಸರಿನ ಚಾಕುವೂ ತನ್ನ ತವರುಮನೆಯನ್ನು ಹೇಳಿಬಿಡುತ್ತದೆ. ಎರಡನೆಯದು ದ್ರವ್ಯ. ತುಕ್ಕು ಹಿಡಿಯದ ಉಕ್ಕನ್ನು ಹ್ಯಾರಿ ಬ್ರಿಯರ್ಲಿ ಷೆಫೀಲ್ಡಿನಲ್ಲಿ ತಯಾರಿಸಿದ್ದು 1913ರಲ್ಲಿ. ಆದ್ದರಿಂದ 1901ರಲ್ಲಿ ಗತಿಸಿದ ವಿಕ್ಟೋರಿಯಾ ರಾಣಿಯ ಕಾಲದ್ದೆಂದು ಹೇಳುವ ಚಾಕುವಿನ ಅಲಗು ಸ್ಟೇನ್‌ಲೆಸ್ ಆಗಿದ್ದರೆ ಅಲಗು ಅಥವಾ ಕಥೆ, ಎರಡರಲ್ಲಿ ಒಂದು ಅನಂತರದ್ದು. ಹಿಡಿ ಸೆಲ್ಯುಲಾಯ್ಡಿನದಾದರೆ ಉಜ್ಜಿದಾಗ ಕರ್ಪೂರದ ವಾಸನೆ ಬರುತ್ತದೆ. ಮೂರನೆಯದು ಅಲಗುಗಳ ಪರಸ್ಪರ ಸಾಕ್ಷ್ಯ: ಒಂದೇ ಚಾಕುವಿನ ಎರಡು ಅಲಗುಗಳು ಎರಡು ಮಾತು ಆಡಿದರೆ ಒಂದನ್ನು ಬೇರೆಡೆಯಿಂದ ತಂದು ಕೂಡಿಸಿರಬೇಕು. ಕೊನೆಗೆ ಮುದ್ರೆ. ಮುದ್ರೆಯನ್ನು ಒತ್ತುವುದು ಉಕ್ಕಿಗೆ ಗಡಸು ಕೊಡುವ ಮೊದಲು. ಗಡಸಾದ ಉಕ್ಕು ಠಸ್ಸೆಯ ಪೆಟ್ಟನ್ನು ಸ್ವೀಕರಿಸುವುದಿಲ್ಲ. ಹಾಗಾಗಿ ಅನಂತರ ಹೆಸರು ಹಾಕಬಯಸುವವನು ಆಮ್ಲದಿಂದ ತಿನ್ನಿಸಬೇಕು, ಇಲ್ಲವೆ ಕೆತ್ತಬೇಕು. ಆ ಅಕ್ಷರಗಳ ಅಂಚು ಭೂತಗನ್ನಡಿಯ ಕೆಳಗೆ ಬೇರೆಯಾಗಿಯೇ ಕಾಣುತ್ತದೆ.

ಈ ತಿಳಿವಳಿಕೆ ನನಗೆ ಕೆಲವು ವರ್ಷಗಳ ಹಿಂದೆ ಒಂದು ಇಕ್ಕಟ್ಟನ್ನು ತಂದಿತು. ನಮ್ಮ ಬಸದಿಗೆ ಬರುವ ಪರಿಚಿತ ಕುಟುಂಬದ ಹಿರಿಯರು ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ ಎಮ್ಮೆಕೊಂಬಿನ ಹಿಡಿಯ ಹಳೆಯ ಚಾಕುವೊಂದು ದೊರೆಯಿತು. ಅಲಗಿನ ಮೇಲೆ ಷೆಫೀಲ್ಡಿನ ಹೆಸರಾಂತ ಸಂಸ್ಥೆಯೊಂದರ ಮುದ್ರೆ, ಕಿರೀಟದ ಚಿಹ್ನೆ. ಮುಂಬಯಿಯ ಸಂಗ್ರಾಹಕರೊಬ್ಬರು ದೊಡ್ಡ ಮೊತ್ತಕ್ಕೆ ಕೊಳ್ಳಲು ಒಪ್ಪಿ, ತಿಳಿದವರಿಂದ ಒಂದು ಪತ್ರ ಮಾತ್ರ ಬೇಕೆಂದರಂತೆ. ಆ ಮನೆಯ ಸೊಸೆ ನನ್ನಲ್ಲಿಗೆ ಬಂದಳು. “ಕಾಕಾ, ನೀವು ಒಂದ್ ಸಾಲು ಬರದು ಕೊಟ್ರ ಸಾಕ್ರಿ, ಮಗಳ ಕಾಲೇಜಿನ ಫೀ ತುಂಬತೈತಿ” ಎಂದಳು. ಚಾಕುವನ್ನು ಎರಡು ದಿನ ಇಟ್ಟುಕೊಂಡು ನೋಡಿದೆ. ಕೆಲಸ ಉತ್ತಮವಾಗಿತ್ತು, ಹಳೆಯದೆಂಬುದರಲ್ಲಿ ಸಂದೇಹವಿರಲಿಲ್ಲ. ಆದರೆ ಅಲಗಿನಲ್ಲಿ ಹಳೆಯ ತುಕ್ಕಿನ ಗುಳಿಗಳಿದ್ದವು, ಮುದ್ರೆಯ ಅಕ್ಷರಗಳು ಆ ಗುಳಿಗಳ ಮೇಲೆಯೇ ಹಾದುಹೋಗಿದ್ದವು. ತುಕ್ಕು ಮೊದಲು ಬಂದು ಹೆಸರು ಆಮೇಲೆ ಬಂದಿತ್ತು. ಯಾರು ಹಾಕಿಸಿದರೋ, ಆ ಹಿರಿಯರು ಕೊಳ್ಳುವ ಮೊದಲೇ ಆದದ್ದೋ, ಅದು ಯಾರಿಗೂ ತಿಳಿಯದು.

ನಾನು ಬರೆದುಕೊಟ್ಟದ್ದು ನಾಲ್ಕು ವಾಕ್ಯ: ಚಾಕು ಹಳೆಯದು, ಹಿಡಿ ಎಮ್ಮೆಕೊಂಬು, ಮುದ್ರೆ ಅನಂತರ ಹಾಕಿದಂತೆ ಕಾಣುತ್ತದೆ, ತಯಾರಕರನ್ನು ಹೆಸರಿಸಲು ಆಧಾರವಿಲ್ಲ. ಕೊಳ್ಳುವವರು ಹಿಂದೆ ಸರಿದರು. ಫೀ ಹಣವನ್ನು ಸಾಲವಾಗಿ ಕೊಡುತ್ತೇನೆಂದೆ. “ಬ್ಯಾಡ್ರಿ ಕಾಕಾ” ಎಂದು ಬ್ಯಾಂಕಿನ ಠೇವಣಿ ಮುರಿಸಿಕೊಂಡರು. ಇಂದಿಗೂ ಆ ಮನೆಯವರು ಬಸದಿಯಲ್ಲಿ ಕಂಡಾಗ ಎರಡು ಮಾತಿಗೆ ಮುಗಿಸುತ್ತಾರೆ. ಅವರ ನೋವು ಅಸಹಜವೆಂದು ನಾನು ಹೇಳಲಾರೆ. ಅವರು ಯಾರಿಗೂ ಮೋಸ ಮಾಡಿರಲಿಲ್ಲ.

ಆದರೂ ಬೇರೆ ದಾರಿ ಇರಲಿಲ್ಲ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರ ಒಂದು. ಸುಳ್ಳು ಮುದ್ರೆಯ ಚಾಕುವಿನಲ್ಲಿ ಎರಡೂ ಕೂಡುತ್ತವೆ. ಹೆಸರು ಕೆತ್ತಿದವನದು ಕೂಟಲೇಖ, ತಿಳಿದೂ ಮಾರಿದವನದು ಪ್ರತಿರೂಪಕ ವ್ಯವಹಾರ. ಪ್ರಮಾಣಪತ್ರ ಬರೆದವನು ಎರಡಕ್ಕೂ ಕೈಜೋಡಿಸಿದಂತೆ. ಎರಡನೆಯದನ್ನು ನಮ್ಮ ಆಚಾರ್ಯರು ಅಸತ್ಯದ ಸಾಲಿನಲ್ಲಿಡದೆ ಕಳವಿನ ಸಾಲಿನಲ್ಲಿಟ್ಟದ್ದು ಮನನೀಯ. ಕೊಳ್ಳುವವನ ಹಣವಷ್ಟೇ ಅಲ್ಲ, ಹೆಸರು ಗಳಿಸಿದ ತಯಾರಕನ ದುಡಿಮೆಯೂ, ಹೆಸರು ಅಳಿದ ನಿಜವಾದ ಕುಶಲಿಯ ಕರ್ತೃತ್ವವೂ ಅಲ್ಲಿ ಕಳುವಾಗುತ್ತವೆ. ಬಿ.ಕಾಂ. ತರಗತಿಯಲ್ಲಿ ನಾವು ಓದಿದ 1930ರ ಸರಕು ಮಾರಾಟ ಕಾಯಿದೆಯ 15ನೆಯ ಕಲಮು, ವರ್ಣನೆಯಿಂದ ಮಾರಿದ ಸರಕು ವರ್ಣನೆಗೆ ಹೊಂದಿರಬೇಕೆಂದು ಹೇಳುತ್ತದೆ. ಕಾಯಿದೆ ಕೇಳುವುದು ಅಷ್ಟನ್ನೇ. ಶ್ರಾವಕನು ತನ್ನ ವರ್ಣನೆ ತನ್ನ ತಿಳಿವಿನ ಎಲ್ಲೆಯನ್ನು ದಾಟಿತೇ ಎಂದು ಕೂಡ ಕೇಳಿಕೊಳ್ಳಬೇಕು.

ಈ ವಿವೇಕ ನಮ್ಮ ಬಸದಿಗಳ ಟ್ರಸ್ಟುಗಳಿಗೂ ಬೇಕಾದದ್ದು. ಭಕ್ತರು ಹಳೆಯ ಗಂಟೆ, ಹಿತ್ತಾಳೆಯ ದೀಪ, ಬೆಳ್ಳಿಯ ಪಾತ್ರೆಗಳನ್ನು ಒಪ್ಪಿಸುವಾಗ ‘ಇಂಥವರು ಮಾಡಿದ್ದು, ಇಷ್ಟು ವರ್ಷ ಹಳೆಯದು’ ಎಂದು ಹೇಳುತ್ತಾರೆ. ಗುಮಾಸ್ತನು ಅದನ್ನೇ ದಾಖಲೆ ಪುಸ್ತಕದಲ್ಲಿ ಬರೆಯುತ್ತಾನೆ. ಐವತ್ತು ವರ್ಷಗಳ ಮೇಲೆ ಅದು ಇತಿಹಾಸವಾಗುತ್ತದೆ. ನನ್ನ ಸಲಹೆ ಇಷ್ಟೇ: ಪುಸ್ತಕದಲ್ಲಿ ಮೂರು ಅಂಕಣಗಳಿರಲಿ. ವಸ್ತುವಿನ ಮೇಲೆ ಬರೆದಿರುವುದು ಒಂದರಲ್ಲಿ, ಕೊಟ್ಟವರು ಹೇಳಿದ್ದು ಎರಡನೆಯದರಲ್ಲಿ, ಪರೀಕ್ಷಿಸಿ ಕಂಡದ್ದು ಮೂರನೆಯದರಲ್ಲಿ. ಆನೆದಂತ, ಕಡವೆಯ ಕೊಂಬುಗಳ ಹಿಡಿಯಿರುವ ವಸ್ತುಗಳು ಬಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಿರ್ಬಂಧಗಳನ್ನೂ ವಿಚಾರಿಸಿಕೊಳ್ಳಬೇಕು. ಮೂರನೆಯ ಅಂಕಣ ಅನೇಕ ಸಲ ಖಾಲಿಯಾಗಿಯೇ ಉಳಿಯುವುದು. ಅದಕ್ಕಾಗಿ ಟ್ರಸ್ಟಿಗಳು ಸಂಕೋಚಪಡಬೇಕಾದ್ದಿಲ್ಲ. ಖಾಲಿ ಬಿಟ್ಟ ಅಂಕಣವನ್ನು ಮುಂದೆ ತಿಳಿದವರು ಬಂದು ತುಂಬಬಲ್ಲರು. ಊಹೆಯಿಂದ ತುಂಬಿದ ಅಂಕಣವನ್ನು ಸರಿಪಡಿಸಲು ಯಾರೂ ಬರುವುದಿಲ್ಲ.