ಯುದ್ಧ ಬಂದ ರಸ್ತೆ

2025ರ ನವೆಂಬರ್ ಕೊನೆಯ ವಾರ. ದಾವಣಗೆರೆ ಎಪಿಎಂಸಿ ಪ್ರಾಂಗಣದಲ್ಲಿ ಬೆಳಗಿನ ಏಳು ಗಂಟೆ. ಚಳಿ ಇನ್ನೂ ಬಿಟ್ಟಿಲ್ಲ. ತಲೆಗೆ ಟವೆಲ್ ಸುತ್ತಿಕೊಂಡವರು, ಕಿವಿ ಮುಚ್ಚುವಂತೆ ಮಫ್ಲರ್ ಬಿಗಿದವರು ಟ್ರ್ಯಾಕ್ಟರ್ ಟ್ರೇಲರ್‌ಗಳ ಮೇಲೆಯೇ ಮುದುಡಿ ಕೂತಿದ್ದಾರೆ. ರಾತ್ರಿಯೇ ಬಂದವರು. ಸಿಮೆಂಟ್ ಕಟ್ಟೆಯ ಮೇಲೆ ಮೆಕ್ಕೆಜೋಳದ ರಾಶಿ. ಮೊದಲ ಬಿಸಿಲು ತಾಗಿದ ಕಡೆ ಅರಿಶಿನ ಬಣ್ಣ, ನೆರಳಿನ ಕಡೆ ಕಿತ್ತಳೆ. ನೋಡಿಕೊಂಡು ಹೆಜ್ಜೆ ಇಡಿ, ಕಾಲಡಿ ಕಾಳು ಜಾರುತ್ತದೆ.

ಒಂದು ರಾಶಿಯ ಪಕ್ಕ ಅಜ್ಜನೊಬ್ಬ ನಿಂತಿದ್ದಾನೆ. ಖರೀದಿದಾರ ಬಗ್ಗಿ, ರಾಶಿಯೊಳಗೆ ಮೊಣಕೈವರೆಗೆ ಕೈ ಇಳಿಸುತ್ತಾನೆ. ಮೇಲಿನ ಕಾಳು ಬಿಸಿಲಿಗೆ ಒಣಗಿರುತ್ತದೆ, ನಿಜ ಗೊತ್ತಾಗುವುದು ಒಳಗಿನ ಕಾಳಿನಲ್ಲಿ. ಹಿಡಿ ತುಂಬ ತೆಗೆದು ಎರಡು ಮೂರು ಕಾಳು ಬಾಯಿಗೆ ಹಾಕಿ ಕಡಿಯುತ್ತಾನೆ. ಕಟಕ್ಕೆಂದರೆ ಒಣಗಿದ ಕಾಳು. ಸದ್ದಿಲ್ಲದೆ ಹಲ್ಲಿಗೆ ಅಂಟಿದರೆ ಹಸಿ. ಉಳಿದದ್ದನ್ನು ಮಾಯಿಶ್ಚರ್ ಮೀಟರಿಗೆ ಸುರಿಯುತ್ತಾನೆ. ತೇವಾಂಶ ಶೇ. ಹದಿನಾಲ್ಕು ದಾಟಿದರೆ ರೇಟು ಇಳಿಯಿತೆಂದೇ ಲೆಕ್ಕ. ಅಜ್ಜ ಮೀಟರಿನ ಕಡೆ ನೋಡುವುದಿಲ್ಲ. ಕಾಳು ಕಡಿಯುವ ಆ ಬಾಯಿಯನ್ನೇ ನೋಡುತ್ತಾನೆ.

“ಹದಿನೇಳು ಐವತ್ತು, ಅಜ್ಜ.”

“ಸರ್ಕಾರದ್ದು ಇಪ್ಪತ್ನಾಕು ನೂರು ಐತಲ್ಲಪ್ಪ?”

“ಆ ರೇಟಿಗೆ ಅವ್ರು ಖರೀದಿ ಕೇಂದ್ರ ತೆಗೀಬೇಕಲ್ಲ. ನಂಗೆ ಮೇಲಿಂದ ಬಂದಿರೋದು ಇಷ್ಟೇ ನೋಡು.”

ಅಜ್ಜ ಉತ್ತರ ಕೊಡುವುದಿಲ್ಲ. ಚೆಲ್ಲಿದ ಕಾಳುಗಳನ್ನು ಕಾಲಿನಿಂದ ರಾಶಿಗೆ ಸೇರಿಸುತ್ತಾನೆ. ಲೆಕ್ಕವನ್ನು ನೀವೇ ಹಾಕಿ. ಈ ವರ್ಷ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಅಂದರೆ ಕ್ವಿಂಟಲಿಗೆ 650 ಖೋತಾ. ಎಕರೆಗೆ ಇಪ್ಪತ್ತು ಕ್ವಿಂಟಲ್ ಬಂದಿದ್ದರೆ 13,000 ರೂಪಾಯಿ. ಇದೇ ತಿಂಗಳು ಗದಗ, ಹಾವೇರಿ ಕಡೆ ರೈತರು ರಸ್ತೆಗಿಳಿದದ್ದು, ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಧಾನಿಗೆ ಪತ್ರ ಬರೆದದ್ದು ಈ ಹಣದ ಸಲುವಾಗಿಯೇ.

ಖರೀದಿದಾರ ಹೇಳಿದ ಆ ‘ಮೇಲೆ’ ಎಷ್ಟು ದೂರದಲ್ಲಿದೆ? ಕೋಳಿ ಆಹಾರದ ಕಂಪನಿ, ಪಿಷ್ಟದ ಕಾರ್ಖಾನೆ, ಎಥೆನಾಲ್ ಘಟಕ, ಇಷ್ಟು ಹತ್ತಿರದವು. ಅದರಾಚೆಗೆ ಕಪ್ಪು ಸಮುದ್ರದ ಬಂದರುಗಳಿವೆ. ಉಕ್ರೇನ್ ಜಗತ್ತಿಗೆ ಮೆಕ್ಕೆಜೋಳ ಮಾರುವ ದೊಡ್ಡ ದೇಶಗಳಲ್ಲಿ ಒಂದು. 2022ರ ಫೆಬ್ರುವರಿ 24ರಂದು ರಷ್ಯಾದ ಸೇನೆ ಒಳನುಗ್ಗಿದಾಗ ಆ ಬಂದರುಗಳು ಮುಚ್ಚಿದವು, ಇಲ್ಲಿ ಬೆಲೆ ಏರಿತು. ಆ ಹಂಗಾಮಿನ ಬೆಂಬಲ ಬೆಲೆ 1,870 ಇತ್ತು, ಮಾರುಕಟ್ಟೆಯ ಬೆಲೆ ಎರಡು ಸಾವಿರ ದಾಟಿತು. ಆದರೆ ಮುಂಗಾರಿನ ಸಾಲ ತೀರಿಸಬೇಕಿದ್ದ ಸಣ್ಣ ರೈತರು ಸಂಕ್ರಾಂತಿಯ ಹೊತ್ತಿಗೇ ಮಾಲು ಖಾಲಿ ಮಾಡಿದ್ದರು. ಏರಿದ ಬೆಲೆ ಗೋದಾಮು ಇದ್ದವರ ಪಾಲಾಯಿತು. ಸಣ್ಣವರಿಗೆ ಸಿಕ್ಕಿದ್ದು ಗೊಬ್ಬರದ ಬೆಲೆ: ರಷ್ಯಾ, ಬೆಲಾರೂಸ್ ಕಡೆಯಿಂದ ಬರುವ ಪೊಟ್ಯಾಷ್ ಚೀಲಕ್ಕೆ ಆ ವರ್ಷ 1,700 ರೂಪಾಯಿ ಆಯಿತು.

ಆಮೇಲೆ ಸಮುದ್ರದ ದಾರಿ ಮತ್ತೆ ತೆರೆಯಿತು. 2024ರ ಜೂನ್‌ನಲ್ಲಿ ನಮ್ಮ ಕೇಂದ್ರ ಸರ್ಕಾರ ಸುಮಾರು 5 ಲಕ್ಷ ಟನ್ ಮೆಕ್ಕೆಜೋಳವನ್ನು ಶೇ. 15ರ ಕಡಿಮೆ ಸುಂಕದಲ್ಲಿ ತರಿಸಿಕೊಳ್ಳಲು ಬಿಟ್ಟಿತು. ಆ ವರ್ಷ ಹೊರಗಿನಿಂದ ಬಂದ ಕಾಳಿನಲ್ಲಿ ಮ್ಯಾನ್ಮಾರ್‌ನದ್ದಿತ್ತು, ಉಕ್ರೇನಿನದ್ದೂ ಇತ್ತು. ಇದೊಂದರಿಂದಲೇ ಈ ವರ್ಷ ಬೆಲೆ ಬಿತ್ತು ಎನ್ನಲಾರೆ. ಬಿತ್ತನೆ ಹೆಚ್ಚಾಗಿತ್ತು, ಫಸಲೂ ಹೆಚ್ಚಿತ್ತು. ಆದರೆ ಯುದ್ಧದಿಂದ ಬೆಲೆ ಏರಿದಾಗ ಅಜ್ಜನ ಕೈಯಲ್ಲಿ ಕಾಳಿರಲಿಲ್ಲ, ಕೈಯಲ್ಲಿ ಕಾಳಿರುವಾಗ ಬೆಲೆಯಿಲ್ಲ ಎಂಬುದು ನಿಜ.

ಇದೇ ಮಾತನ್ನು ಪೋಲೆಂಡಿನ ರೈತರೂ ಆಡಿದರು. ಬಂದರು ಮುಚ್ಚಿದಾಗ ಉಕ್ರೇನಿನ ಧಾನ್ಯ ರೈಲು, ಲಾರಿಗಳಲ್ಲಿ ಪೋಲೆಂಡಿನ ಮೂಲಕ ಹೊರಟಿತು. ದಾಟಿ ಹೋಗಬೇಕಾದದ್ದು ಅಲ್ಲಿನ ಮಂಡಿಗಳಲ್ಲೇ ಇಳಿಯತೊಡಗಿತು. ನೆರೆಯವರ ನಿರಾಶ್ರಿತರಿಗೆ ಮನೆಬಾಗಿಲು ತೆರೆದ ಜನವೇ ಅವರ ಗೋಧಿಗೆ ಗಡಿ ಮುಚ್ಚಿ ಎಂದು ಟ್ರ್ಯಾಕ್ಟರ್ ಅಡ್ಡ ನಿಲ್ಲಿಸಿತು. 2023ರ ಏಪ್ರಿಲ್‌ನಲ್ಲಿ ಪೋಲೆಂಡಿನ ಕೃಷಿ ಸಚಿವರು ರಾಜೀನಾಮೆ ಕೊಟ್ಟರು. ಅದೇ ತಿಂಗಳು ಪೋಲೆಂಡ್, ಹಂಗೇರಿ, ಸ್ಲೊವಾಕಿಯಾಗಳು ಉಕ್ರೇನಿನ ಧಾನ್ಯ ಬೇಡವೆಂದವು. ಯುರೋಪಿನಲ್ಲಿ ರೈತನ ಸಿಟ್ಟು ಸರ್ಕಾರಗಳನ್ನು ಅಲುಗಾಡಿಸುತ್ತದೆ. ಇಲ್ಲಿ ಅಜ್ಜ ತೂಕದ ಚೀಟಿ ಮಡಚಿ ಜೇಬಿಗಿಟ್ಟುಕೊಂಡ.

ಹರಿಹರದ ಬಸ್ಸು ಹತ್ತಿ. ಹದಿನಾಲ್ಕು ಕಿಲೋಮೀಟರಿನ ದಾರಿ. ದಾವಣಗೆರೆಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ತಂದ ಕಾಟನ್ ಮಿಲ್ಲುಗಳ ಸದ್ದು ನಿಂತು ಎಷ್ಟೋ ಕಾಲವಾಯಿತು. ಆ ಮಿಲ್ ಕಾರ್ಮಿಕರು 1978, 1983, 1985ರಲ್ಲಿ ಮೂರು ಸಲ ಸಿಪಿಐನ ಪಂಪಾಪತಿಯವರನ್ನು ವಿಧಾನಸಭೆಗೆ ಕಳಿಸಿದ್ದರು. ಮಿಲ್ಲು ಹೋದ ಮೇಲೆ ಆ ಓಟೂ ಚದುರಿತು. ಇಂಗ್ಲೆಂಡಿನ ಉತ್ತರದ ಹಳೆಯ ಗಿರಣಿ ಊರುಗಳಲ್ಲೂ, ಜರ್ಮನಿಯ ಪೂರ್ವದ ಊರುಗಳಲ್ಲೂ ಕಾರ್ಖಾನೆ ಮುಚ್ಚಿದ ಬಳಿಕ ಹಳೆಯ ಪಕ್ಷಗಳ ಹಿಡಿತ ಹೀಗೆಯೇ ಸಡಿಲಾಗಿದ್ದು. 2025ರ ಫೆಬ್ರುವರಿಯ ಚುನಾವಣೆಯಲ್ಲಿ ಜರ್ಮನಿಯ ಕಟು ಬಲಪಂಥೀಯ ಎಎಫ್‌ಡಿ ಶೇ. 20.8 ಮತ ಪಡೆದದ್ದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಈ ಮಿಲ್ಲುಗಳ ಖಾಲಿ ಜಾಗಗಳೇ.

ಹರಿಹರ ಬಂತು. ಕಿರ್ಲೋಸ್ಕರ್ ಲೇತ್ ತಯಾರಾಗುತ್ತಿದ್ದ ಯಂತ್ರಪುರ ಇಲ್ಲೇ ಇದೆ. ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಶುರುವಾದ ಕಂಪನಿ. ಊರಿನ ಎರಡು ತಲೆಮಾರು ಅದರ ಸೈರನ್ ಕೇಳಿ ಎದ್ದಿತು. ಇಪ್ಪತ್ತೊಂದನೇ ಶತಮಾನ ಬರುವ ಹೊತ್ತಿಗೆ ಅದೂ ಮುಗಿಯಿತು. ಆದರೆ ಹೊಳೆದಂಡೆಗೆ ಬಂದರೆ ಆಚೆ ದಡದ ಕುಮಾರಪಟ್ಟಣದಲ್ಲಿ ಬಿರ್ಲಾ ಸಮೂಹದ ಪಾಲಿಫೈಬರ್ಸ್ ಕಾರ್ಖಾನೆಯ ಚಿಮಣಿ ಹೊಗೆ ಬಿಡುತ್ತಿದೆ. ನೀಲಗಿರಿ ಮರದ ತಿರುಳು ಅಲ್ಲಿ ನೂಲಿನ ಕಚ್ಚಾ ಮಾಲಾಗುತ್ತದೆ. ಅದೇ ಬಿರ್ಲಾ ಸಮೂಹ 2011ರಲ್ಲಿ ಸ್ವೀಡನ್ನಿನ ಡೊಮ್ಶೋ ತಿರುಳು ಕಾರ್ಖಾನೆಯನ್ನೂ ಕೊಂಡಿತು. ಹರಿಹರಕ್ಕೂ ಯುರೋಪಿಗೂ ಸಂಬಂಧವೇ ಇಲ್ಲ ಎನ್ನುವವರು ಇಲ್ಲಿ ಒಂದು ಗಳಿಗೆ ನಿಲ್ಲಲಿ.

ಆ ಸಂಬಂಧ ಹಳೆಯದು. ಕೆಳಗೆ ತುಂಗಭದ್ರೆ ನಿಧಾನಕ್ಕೆ ಹರಿಯುತ್ತಿದ್ದಾಳೆ. ಇಲ್ಲಿನ ಹಳೆಯ ಸೇತುವೆ 1868ರದ್ದು, ಮೈಸೂರು ಸೀಮೆಯನ್ನು ಮುಂಬೈ ಪ್ರಾಂತ್ಯಕ್ಕೆ ಜೋಡಿಸಿದ್ದು. ಅದಕ್ಕೂ ಸ್ವಲ್ಪ ಮೊದಲು, 1861ರಿಂದ 65ರವರೆಗೆ, ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತು ಲ್ಯಾಂಕಾಶೈರಿನ ಗಿರಣಿಗಳು ಬಾಗಿಲು ಹಾಕಿದ್ದವು. ಆಗ ಮ್ಯಾಂಚೆಸ್ಟರಿನ ವ್ಯಾಪಾರಿಗಳ ಕಣ್ಣು ಬಿದ್ದದ್ದು ಧಾರವಾಡ ಜಿಲ್ಲೆಯ ಎರೆಭೂಮಿಯ ಮೇಲೆ. ಆಚೆ ದಡದ ರಾಣೆಬೆನ್ನೂರು ಸೀಮೆಯೂ ಆಗ ಅದೇ ಜಿಲ್ಲೆ. ಹತ್ತಿಗೆ ಎಂದೂ ಕಾಣದ ಬೆಲೆ ಬಂತು. ಯುದ್ಧ ಮುಗಿದೊಡನೆ ಬೆಲೆ ಬಿತ್ತು. ಎಪಿಎಂಸಿಯ ಅಜ್ಜನ ಪಾಡನ್ನು ಆ ಕಾಲದ ಹತ್ತಿ ಬೆಳೆಗಾರರು ಅವನಿಗಿಂತ ನೂರ ಅರವತ್ತು ವರ್ಷ ಮೊದಲೇ ಪಟ್ಟಿದ್ದರು.

ಸೇತುವೆ ದಾಟಿ ಹೆದ್ದಾರಿ ಹಿಡಿಯೋಣ. ರಾಣೆಬೆನ್ನೂರು ಮುಟ್ಟುವ ಮೊದಲು ಟೋಲ್ ಸಿಗುತ್ತದೆ. ಅದರ ಬೋರ್ಡಿನ ಮೇಲಿರುವ ಊರ ಹೆಸರು ಚಳಗೇರಿ.

ಇಲ್ಲಿ ಇಳಿಯಿರಿ. ಮನೆಗಳ ಮುಂದೆ ಜೋಳದ ತೆನೆ ಹರವಿದ್ದಾರೆ, ಕೋಳಿಗಳು ಕೆದಕುತ್ತಿವೆ, ಹೆಣ್ಣುಮಗಳೊಬ್ಬಳು ಸೀರೆಯ ಸೆರಗಿನಿಂದ ಧೂಳು ಒರೆಸಿಕೊಂಡು ಕಾಳು ಹಸನು ಮಾಡುತ್ತಿದ್ದಾಳೆ. ಯಾರನ್ನೂ ಏನೂ ಕೇಳಬೇಡಿ. ಈ ಊರಿಗೆ ಬಂದು ಹೋದ ಕ್ಯಾಮೆರಾಗಳು ಸಾಕಷ್ಟಾದವು.

2022ರ ಮಾರ್ಚ್ 1, ಮಹಾಶಿವರಾತ್ರಿ. ಈ ಊರಿನ 21 ವರ್ಷದ ಹುಡುಗ, ಉಕ್ರೇನಿನ ಖಾರ್ಕಿವ್‌ನಲ್ಲಿ ನಾಲ್ಕನೇ ವರ್ಷದ ವೈದ್ಯಕೀಯ ಓದುತ್ತಿದ್ದವನು, ನೆಲಮಾಳಿಗೆಯಿಂದ ಹೊರಬಂದು ದಿನಸಿಗಾಗಿ ಅಂಗಡಿಯ ಮುಂದಿನ ಸಾಲಿನಲ್ಲಿ ನಿಂತಿದ್ದಾಗ ಶೆಲ್ ದಾಳಿಗೆ ಸಿಕ್ಕಿ ಸತ್ತ. ಆ ಯುದ್ಧದಲ್ಲಿ ತೀರಿಹೋದ ಮೊದಲ ಭಾರತೀಯ. ಉಪವಾಸದ ಮನೆಗಳಲ್ಲಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಸುದ್ದಿ ಎಲ್ಲರ ಬಾಯಲ್ಲಿತ್ತು. ಪಿಯುಸಿಯಲ್ಲಿ ಶೇ. 97 ಅಂಕ ಪಡೆದರೂ ರಾಜ್ಯದಲ್ಲಿ ಮೆಡಿಕಲ್ ಸೀಟು ಸಿಗಲಿಲ್ಲ, ಇಲ್ಲಿ ಕೋಟಿ ಕೇಳುತ್ತಾರೆ, ಅಲ್ಲಿ ಅದಕ್ಕಿಂತ ಎಷ್ಟೋ ಕಡಿಮೆಯಲ್ಲಿ ಓದಬಹುದು ಎಂದು ತಂದೆ ಹೇಳಿದರು. ಮಗ ಸತ್ತ ಗಳಿಗೆಯಲ್ಲಿ ಒಬ್ಬ ತಂದೆ ಆಡಿದ ಆ ಮಾತು ಇಡೀ ದೇಶದ ಚರ್ಚೆಯಾಯಿತು.

ಇಪ್ಪತ್ತು ದಿನ ಕಾದ ಮೇಲೆ, ಮಾರ್ಚ್ 21ರ ನಸುಕಿನಲ್ಲಿ ದೇಹ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂತು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಬರಮಾಡಿಕೊಂಡರು. ಆಂಬುಲೆನ್ಸ್ ನೀವೀಗ ಬಂದ ಇದೇ ಹೆದ್ದಾರಿಯಲ್ಲಿ ಬಂತು. ಮನೆಯ ಮುಂದೆ ವೀರಶೈವ ವಿಧಿಯಂತೆ ಪೂಜೆಯಾಯಿತು. ಆಮೇಲೆ ಮಣ್ಣು ಮಾಡಲಿಲ್ಲ. ದೇಹವನ್ನು ಮತ್ತೆ ಅದೇ ರಸ್ತೆಯಲ್ಲಿ ಹಿಂದಕ್ಕೆ, ತುಂಗಭದ್ರೆ ದಾಟಿಸಿ, ದಾವಣಗೆರೆ ಬೈಪಾಸಿನ ಪಕ್ಕದ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ಒಯ್ದರು. ಡಾಕ್ಟರ್ ಆಗಲೆಂದು ಕಳಿಸಿದ ಮಗನನ್ನು ತಂದೆತಾಯಿ ಡಾಕ್ಟರಾಗುವ ಮಕ್ಕಳ ಓದಿಗೆ ಕೊಟ್ಟರು. ಇದಕ್ಕಿಂತ ದೊಡ್ಡ ದಾನವನ್ನು ನಾನು ಈ ಸೀಮೆಯಲ್ಲಿ ಕಂಡಿಲ್ಲ, ಕೇಳಿಯೂ ಇಲ್ಲ.

ನೀವೂ ಈಗ ಅದೇ ರಸ್ತೆಯಲ್ಲಿ ಹಿಂತಿರುಗಿ. ದಾವಣಗೆರೆ ತಲುಪುವಾಗ ಸಂಜೆ. ರಾಮ್ ಅಂಡ್ ಕೋ ಸರ್ಕಲ್‌ನಲ್ಲಿ ಗಾಡಿಗಳ ದೀಪ ಹೊತ್ತಿದೆ. ಉದ್ದ ಮೆಣಸಿನಕಾಯಿ ಕಡಲೆಹಿಟ್ಟಿನಲ್ಲಿ ಮುಳುಗಿ ಬಾಣಲೆಗೆ ಇಳಿಯುತ್ತದೆ, ಎಣ್ಣೆ ಒಮ್ಮೆ ಉಕ್ಕಿ ಸುಮ್ಮನಾಗುತ್ತದೆ. ಕಾಗದದ ಮೇಲೆ ಮಂಡಕ್ಕಿ, ಮೇಲೆ ಹುರಿಗಡಲೆ ಪುಡಿ, ಹೆಚ್ಚಿದ ಈರುಳ್ಳಿ, ಪಕ್ಕಕ್ಕೆ ಎರಡು ಮಿರ್ಚಿ.

“ಯುದ್ಧದ ವರ್ಷ ಎಣ್ಣೆ ಇನ್ನೂರರ ಹತ್ರ ಹೋಗಿತ್ತಣ್ಣ,” ಎನ್ನುತ್ತಾನೆ ಗಾಡಿಯವನು. “ಮಿರ್ಚಿ ರೇಟ್ ಏರ್ಸಿದ್ರೆ ಗಿರಾಕಿ ಬೈತಾರ, ಏರ್ಸದಿದ್ರೆ ನಂಗೇ ಉಳಿಯಲ್ಲ. ಮೆಣಸಿನಕಾಯಿ ಸಣ್ಣದು ತಂದು ಕಾಲ ಹಾಕಿದೆ.”

ನಮ್ಮ ದೇಶಕ್ಕೆ ಬರುವ ಸೂರ್ಯಕಾಂತಿ ಎಣ್ಣೆಯಲ್ಲಿ ಬಹುಪಾಲು ಆಗ ಉಕ್ರೇನಿನದ್ದು. ಅದು ನಿಂತಿತು, ಎಲ್ಲರೂ ತಾಳೆ ಎಣ್ಣೆಗೆ ಮುಗಿಬಿದ್ದರು, ಇಂಡೋನೇಷ್ಯಾ ತನ್ನ ಜನಕ್ಕೆ ಸಾಲದೆಂದು 2022ರ ಏಪ್ರಿಲ್ 28ರಿಂದ ಮೇ 23ರವರೆಗೆ ರಫ್ತನ್ನೇ ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಯೂರೋ ಬಳಸುವ ದೇಶಗಳ ಹಣದುಬ್ಬರ ಶೇ. 10.6 ಮುಟ್ಟಿ, ಅಲ್ಲಿನವರು ಚಳಿಗೆ ಮನೆ ಬೆಚ್ಚಗೆ ಮಾಡಿಕೊಳ್ಳಲೂ ಯೋಚಿಸುವಂತಾಯಿತು. ಅಲ್ಲಿ ಅದು ಸಂಸತ್ತುಗಳಲ್ಲಿ ಜಗಳವಾಯಿತು, ಸರ್ಕಾರಗಳು ಗ್ಯಾಸ್ ಬಿಲ್ಲಿಗೆ ನೆರವು ಕೊಟ್ಟವು. ಈ ಗಾಡಿಯವನ ಬಾಣಲೆಗೆ ನೆರವು ಬೇಕೆಂದು ಯಾರೂ ಎಲ್ಲೂ ಎದ್ದು ನಿಂತು ಹೇಳಲಿಲ್ಲ.

ಪಕ್ಕದ ಬೆಂಚಿನ ಮೇಲೆ ಮಾತು ಜೋರಾಗಿದೆ. ಪುಟಿನ್ ಸರಿ ಎಂದು ಒಬ್ಬ, ಜೆಲೆನ್‌ಸ್ಕಿ ಸರಿ ಎಂದು ಇನ್ನೊಬ್ಬ. ದಾವಣಗೆರೆಯವರು ಲೋಕದ ಸುದ್ದಿಗೆ ಎಂದೂ ಹಿಂದೆ ಬಿದ್ದವರಲ್ಲ, ಅದು ನನಗೆ ಹೆಮ್ಮೆ. ಆದರೆ ಚಳಗೇರಿಯ ಮನೆಯಿಂದ ಎದ್ದ ಪ್ರಶ್ನೆ ಈ ಬೆಂಚಿನ ಮೇಲೆ ಎಷ್ಟು ದಿನ ಉಳಿಯಿತು? ಉಕ್ರೇನಿನಿಂದ ಮರಳಿದ ವಿದ್ಯಾರ್ಥಿಗಳನ್ನು ಇಲ್ಲಿನ ಕಾಲೇಜುಗಳಿಗೆ ಸೇರಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲ ಎಂದು ಕೇಂದ್ರ ಸರ್ಕಾರ 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೇಳಿದಾಗ ಊರಲ್ಲಿ ಸದ್ದೇ ಆಗಲಿಲ್ಲ. ಹಾವೇರಿಗೆ ಆ ವರ್ಷವೇ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು, ಅದು ಒಳ್ಳೆಯದಾಯಿತು. ದಾವಣಗೆರೆಯಲ್ಲಿ ವೈದ್ಯಕೀಯ ಕಾಲೇಜು ಎರಡಿವೆ, ಎರಡೂ ಖಾಸಗಿ. ಸರ್ಕಾರಿ ಕಾಲೇಜು ಬೇಕೆಂಬ ಕೂಗು ಇಲ್ಲಿ ಬಹಳ ಹಳೆಯದು.

ಮುಂದಿನ ಸಲ ಓಟು ಕೇಳಿಕೊಂಡು ಯಾರಾದರೂ ನಿಮ್ಮ ಓಣಿಗೆ ಬಂದಾಗ ಎರಡು ಪ್ರಶ್ನೆ ಕೇಳಿ. ಬೆಂಬಲ ಬೆಲೆಯ ಖರೀದಿ ಕೇಂದ್ರ ಕೊಯ್ಲಿಗೆ ಮೊದಲೇ ಯಾಕೆ ತೆರೆಯುವುದಿಲ್ಲ ಎಂದು ಕೇಳಿ. ಶೇ. 97 ಪಡೆದ ಹಳ್ಳಿಯ ಹುಡುಗ ಓದಲಿಕ್ಕೆ ಯಾವ ದೇಶಕ್ಕೆ ಹೋಗಬೇಕು ಎಂದು ಕೇಳಿ. ಉತ್ತರ ಸಿಗುವವರೆಗೂ ಕೇಳಿ.