ಎರಡನೆಯ ಈಡು

ಕೋವಿ ಕೊಳ್ಳುವುದು ಒಂದು ಮಧ್ಯಾಹ್ನದ ಕೆಲಸ. ಕೋವಿ ಆರಿಸುವುದಕ್ಕೆ ಮಾತ್ರ ಒಂದು ಚಳಿಗಾಲವೂ ಸಾಲದು, ಸಾಲಬಾರದು ಕೂಡ. ನಾನಿರುವ ಓಸ್ಟರ್‌ಸುಂಡ್ ಸ್ವೀಡನ್ನಿನ ನಟ್ಟನಡುವೆ, ಯಾಮ್ಟ್‌ಲಾಂಡ್ ಸೀಮೆಯಲ್ಲಿ, ದೊಡ್ಡದೊಂದು ಸರೋವರದ ದಂಡೆಯ ಮೇಲಿದೆ. ಡಿಸೆಂಬರಿನಲ್ಲಿ ಇಲ್ಲಿ ಮಧ್ಯಾಹ್ನ ಮೂರಕ್ಕೆ ಮೊದಲೇ ಸೂರ್ಯ ಮುಳುಗಿರುತ್ತಾನೆ. ಅಷ್ಟುದ್ದದ ಸಂಜೆ ಕಳೆಯಲು ಕೆಲವರು ಸ್ವೆಟರ್ ಹೆಣೆಯುತ್ತಾರೆ, ಕೆಲವರು ಗಾಳಕ್ಕೆ ಗರಿ ಕಟ್ಟುತ್ತಾರೆ. ನಾನು ರೈಫಲ್ ಕ್ಯಾಟಲಾಗು ಓದುತ್ತೇನೆ. "ಪರೀಕ್ಷೆ ಯಾವತ್ತು?" ಎಂದು ಹೆಂಡತಿ ಕೇಳುತ್ತಾಳೆ.

ಕೊಡಗಿನ ನಮ್ಮ ಮನೆಯಲ್ಲಿ ಈ ಆಯ್ಕೆಯ ಪ್ರಶ್ನೆಯೇ ಇರಲಿಲ್ಲ. ಅಜ್ಜನ ಹನ್ನೆರಡು ಬೋರಿನ ಜೋಡುನಳಿಗೆ ಕೋವಿ ಗೋಡೆಯ ಮೇಲಿತ್ತು, ಅಷ್ಟೆ. ಸೆಪ್ಟೆಂಬರಿನ ಕೈಲ್ ಮುಹೂರ್ತದ ದಿನ ಅದನ್ನು ಇಳಿಸಿ, ಎಣ್ಣೆ ಹಚ್ಚಿ, ನಳಿಗೆಯ ತುದಿಗೆ ತೋಕ್ ಪೂ ಎಂಬ ಕೋವಿ ಹೂವು ಸಿಕ್ಕಿಸಿ ಪೂಜೆ ಮಾಡುತ್ತಿದ್ದರು. ಜಮ್ಮಾ ಎಂಬ ವಂಶಪಾರಂಪರ್ಯದ ಹಿಡುವಳಿಯವರಿಗೆ ಕೋವಿ ಪರವಾನಗಿಯಿಂದ ವಿನಾಯಿತಿ ಇದ್ದುದರಿಂದ ಸರ್ಕಾರದವರೂ ಹೆಚ್ಚು ಕೇಳುತ್ತಿರಲಿಲ್ಲ. ಆದರೆ ನಾನು ಹುಟ್ಟುವ ಹೊತ್ತಿಗೆ 1972ರ ವನ್ಯಜೀವಿ ಕಾಯ್ದೆ ಬಂದಾಗಿತ್ತು. ನನ್ನ ಪಾಲಿಗೆ ಶಿಕಾರಿ ಎಂದರೆ ಅಜ್ಜನ ಮಾತು, ಮತ್ತೆ ಕೆದಂಬಾಡಿ ಜತ್ತಪ್ಪ ರೈಗಳ 'ಬೇಟೆಯ ನೆನಪುಗಳು'. ಕಾಯ್ದೆ ಬಂದದ್ದು ಒಳ್ಳೆಯದೇ ಆಯಿತು. ಆ ಕಾಡಿನಲ್ಲಿ ಉಳಿದದ್ದೇ ಕಡಿಮೆ. ಸ್ವೀಡನ್ನಿನ ಲೆಕ್ಕ ಬೇರೆ. ಇಲ್ಲಿ ಮೂಸ್ ಎಂಬ ಭಾರಿ ಜಿಂಕೆಗಳನ್ನು ಬೇಟೆಯಾಡದೆ ಬಿಟ್ಟರೆ ಅವು ಪೈನ್ ಸಸಿಗಳನ್ನು ಮೇಯ್ದು ಕಾಡಿನವರನ್ನು ಅಳಿಸುತ್ತವೆ, ರಸ್ತೆಗೆ ನುಗ್ಗಿ ಕಾರಿನವರನ್ನು ಕೊಲ್ಲುತ್ತವೆ. ಹಾಗಾಗಿ ಪ್ರತಿವರ್ಷ ಇಂತಿಷ್ಟು ಎಂದು ಕೋಟಾ ಕೊಟ್ಟು ಹೊಡೆಸುತ್ತಾರೆ. ಅದಕ್ಕೂ ಮೊದಲು ಬೇಟೆಗಾರನ ಪರೀಕ್ಷೆ ಪಾಸಾಗಬೇಕು, ಒಂದೊಂದು ಕೋವಿಗೂ ಪೊಲೀಸರ ಪರವಾನಗಿ ಪಡೆಯಬೇಕು, ಮನೆಯಲ್ಲಿ ಉಕ್ಕಿನ ಕಪಾಟು ತಂದಿಡಬೇಕು. ಜಮ್ಮಾ ಮನೆಯ ಹುಡುಗ ನಲವತ್ತು ದಾಟಿದ ಮೇಲೆ ಕೋವಿಯ ಪಾಠ ಪುಸ್ತಕ ಹಿಡಿದು ಕೂತದ್ದು ಕೇಳಿದ್ದರೆ ಅಜ್ಜ ಬಿದ್ದು ಬಿದ್ದು ನಗುತ್ತಿದ್ದರು.

ಮೂಸ್ ದೊಡ್ಡ ಪ್ರಾಣಿ. ನಮ್ಮ ಕಡವೆಯನ್ನು ಕಂಡವರಿಗೂ ಅದರ ಗಾತ್ರ ಕಣ್ಣಿಗೆ ಒಗ್ಗಲು ಸ್ವಲ್ಪ ಹೊತ್ತು ಬೇಕು. ಬಲಿತ ಗಂಡು ನಾನೂರು, ಐನೂರು ಕಿಲೋ ತೂಗುತ್ತದೆ. ಇಲ್ಲಿಯ ಬೇಟೆಯಲ್ಲಿ ಯಾಮ್ಟ್‌ಹುಂಡ್ ನಾಯಿಯನ್ನು ಕಾಡಿಗೆ ಬಿಡುತ್ತಾರೆ. ಈ ಸೀಮೆಯದೇ ತಳಿ, ಬಾಲ ಸುರುಳಿ, ಬಣ್ಣ ಬೂದು. ಅದು ಮೂಸನ್ನು ಹುಡುಕಿ, ಎದುರು ನಿಂತು ಬೊಗಳುತ್ತಾ ತಡೆದಿಡುತ್ತದೆ. ಇಲ್ಲವೇ ಮೂಸ್ ಓಡುತ್ತಾ ಬಿಲ್ಲಿಗೆ, ಅಂದರೆ ಹಾದಿ ಕಾಯಲು, ಕೂತವರಲ್ಲಿ ಯಾರದೋ ಮುಂದೆ ಹಾಯುತ್ತದೆ. ಆಮೇಲಿನದು ಸಿನಿಮಾದಲ್ಲಿ ತೋರಿಸುವಂಥದ್ದಲ್ಲ. ಶ್ವಾಸಕೋಶಕ್ಕೆ ಸರಿಯಾಗಿಯೇ ಗುಂಡು ಬಿದ್ದ ಮೂಸ್ ಎಷ್ಟೋ ಸಲ ಏನೂ ಆಗದಂತೆ ನಿಂತಿರುತ್ತದೆ. ನಾಲ್ಕು ಹೆಜ್ಜೆ ನಡೆಯುತ್ತದೆ. ಜೌಗಿನೊಳಗೆ ಇಳಿದುಬಿಟ್ಟರೆ ಹೊರಗೆಳೆಯುವುದು ಇಡೀ ತಂಡಕ್ಕೆ ಅರ್ಧ ದಿನದ ಕೂಲಿ. ಗಾಯಗೊಂಡು ತಪ್ಪಿಸಿಕೊಂಡರಂತೂ ಎರಡು ಗಂಟೆಯೊಳಗೆ ಜಾಡು ಹಿಡಿಯುವ ನಾಯಿ ಸ್ಥಳದಲ್ಲಿರಬೇಕು ಎಂದು ಕಾನೂನೇ ಇದೆ. ಹಾಗಾಗಿ ನಮ್ಮ ತಂಡದ ಹಿರಿಯ ಹೇಳುವುದು ಒಂದೇ ಮಾತು: ನಿಂತಿರುವವರೆಗೆ ಹೊಡಿ. ಮೊದಲನೆಯದು ಬಿದ್ದ ಜಾಗ ಎಷ್ಟೇ ಒಳ್ಳೆಯದಿರಲಿ, ಎರಡನೆಯದು ತಡವಾಗಬಾರದು. ಪ್ರಾಣಿಗೆ ನಾವು ತೋರಿಸಬಹುದಾದ ಮರ್ಯಾದೆ ಅದೊಂದೇ.

ನನ್ನ ಹುಡುಕಾಟ ಶುರುವಾದದ್ದೇ ಈ ಎರಡನೆಯ ಈಡಿನಿಂದ.

ಅಜ್ಜನ ಜೋಡುನಳಿಗೆಯಲ್ಲಿ ಎರಡನೆಯ ಈಡಿಗೆ ಬೆರಳು ಒಂದು ಟ್ರಿಗರಿನಿಂದ ಇನ್ನೊಂದಕ್ಕೆ ಜಾರಿದರೆ ಸಾಕಿತ್ತು. ಈ ಭೂಮಿಯ ಮೇಲೆ ಅದಕ್ಕಿಂತ ಚುರುಕಿನ ಎರಡನೆಯ ಈಡಿಲ್ಲ. ಮೂರನೆಯದು ಬೇಕಾದಾಗಲೇ ಫಜೀತಿ. ಮಾಮೂಲು ಬೋಲ್ಟಿನ ರೈಫಲ್ ಮೌಸರ್ ಕಾಲದಿಂದಲೂ ನಾಲ್ಕು ಚಲನೆ ಕೇಳುತ್ತದೆ: ಹಿಡಿಯನ್ನು ಮೇಲೆತ್ತಬೇಕು, ಹಿಂದಕ್ಕೆಳೆಯಬೇಕು, ಮುಂದಕ್ಕೆ ತಳ್ಳಬೇಕು, ಕೆಳಗೆ ಮಡಚಬೇಕು. ಎತ್ತುವಾಗ ಕೋವಿ ಒಂದಿಷ್ಟು ವಾಲುತ್ತದೆ, ಕೆನ್ನೆ ಮರದಿಂದ ಏಳುತ್ತದೆ, ದುರ್ಬೀನಿನಿಂದ ಮೂಸ್ ಮಾಯವಾಗುತ್ತದೆ. ಮೇಲಾಗಿ ನಾನು ಎಡಚ. ಜೋಡುನಳಿಗೆಗೆ ಎಡ ಬಲ ಎಂಬ ಭೇದವೇ ಇರಲಿಲ್ಲ. ಬಲಗೈಯವರ ಬೋಲ್ಟನ್ನು ಎಡಭುಜಕ್ಕಿಟ್ಟು ಆಡಿಸುವುದು ಮಾತ್ರ ನೋಡುವವರಿಗೆ ತಮಾಷೆ, ಮಾಡುವವನಿಗಲ್ಲ.

ನೇರ ಎಳೆತದ ಬೋಲ್ಟನ್ನು, ಇಲ್ಲಿಯವರು ಸ್ಟ್ರೇಟ್ ಪುಲ್ ಎನ್ನುವುದನ್ನು, ನಾನು ಮೊದಲು ಕಂಡದ್ದು ಬೇಟೆಯಲ್ಲಲ್ಲ, ಬಯಾತ್ಲಾನಿನಲ್ಲಿ. ನಮ್ಮೂರಿನ ಕ್ರೀಡಾಂಗಣಕ್ಕೆ ವಿಶ್ವಕಪ್ ಬರುತ್ತಿರುತ್ತದೆ. ಸ್ಕೀ ಮೇಲೆ ಏದುಸಿರು ಬಿಡುತ್ತಾ ಬಂದವರು ಚಾಪೆಯ ಮೇಲೆ ಬೋರಲು ಬಿದ್ದು ಐವತ್ತು ಮೀಟರ್ ದೂರದ ಐದು ಗುರಿಗಳಿಗೆ ಹೊಡೆಯುತ್ತಾರೆ. ಹೆಚ್ಚಿನವರ ಕೈಯಲ್ಲಿರುವುದು ಆನ್‌ಶುಟ್ಸ್ ಕಂಪನಿಯ ಪುಟ್ಟ ರೈಫಲ್, ಬವೇರಿಯಾದ ಪೀಟರ್ ಫೋರ್ಟ್ನರ್ ಕಟ್ಟಿದ ಬೋಲ್ಟು. ತೋರುಬೆರಳು ಹಿಂದಕ್ಕೆ ಮೀಟುತ್ತದೆ, ಹೆಬ್ಬೆರಳು ಮುಂದಕ್ಕೆ ದಬ್ಬುತ್ತದೆ. ಅಂಗೈ ಹಿಡಿ ಬಿಟ್ಟು ಕದಲುವುದೇ ಇಲ್ಲ, ತಲೆ ಅಲ್ಲಾಡುವುದಿಲ್ಲ. ನಾನು ಪಂದ್ಯ ನೋಡುವುದು ಬಿಟ್ಟು ಬರೀ ಆ ಎರಡು ಬೆರಳು ನೋಡುತ್ತಾ ನಿಂತುಬಿಟ್ಟಿದ್ದೆ. ಗೆದ್ದವರು ಯಾರು ಎಂದು ಮನೆಗೆ ಬಂದು ಟೀವಿಯಲ್ಲಿ ತಿಳಿದುಕೊಂಡೆ.

ಇದು ಹೊಸ ಯೋಚನೆಯೇನಲ್ಲ. ಆಸ್ಟ್ರಿಯಾದ ಫರ್ಡಿನಾಂಡ್ ಮಾನ್ಲಿಕರ್ 1880ರ ದಶಕದಲ್ಲೇ ತನ್ನ ದೇಶದ ಸೈನ್ಯಕ್ಕೆ ಇಂಥ ಬೋಲ್ಟು ಮಾಡಿಕೊಟ್ಟಿದ್ದ. ಸ್ವಿಸ್ಸರು 1889ರಲ್ಲಿ ಶುರುಮಾಡಿ ಆರು ದಶಕಕ್ಕೂ ಮೇಲೆ ಇದನ್ನೇ ನಂಬಿಕೊಂಡಿದ್ದರು. ಅವರ 1931ರ ಕಾರ್ಬೈನು ಈಗಲೂ ಗುರಿಕಾರರ ಕಣ್ಮಣಿ. ಹೆಸರು ಕೆಟ್ಟದ್ದು ಕೆನಡಾದಲ್ಲಿ. ಸರ್ ಚಾರ್ಲ್ಸ್ ರಾಸ್ ರೂಪಿಸಿದ ರೈಫಲ್ ಹಿಡಿದು ಹೋದ ಕೆನಡಾದ ಸೈನಿಕರು 1915ರಲ್ಲಿ ಈಪ್ರ್ ಕಾಳಗದ ಕೆಸರಿನಲ್ಲಿ, ಕಾದ ತೋಟೆ ಕಚ್ಚಿಕೊಂಡ ಬೋಲ್ಟನ್ನು ಬೂಟುಗಾಲಿನಿಂದ ಒದ್ದು ತೆರೆಯಬೇಕಾಯಿತು. ಸತ್ತ ಬ್ರಿಟಿಷ್ ಸೈನಿಕರ ಲೀ-ಎನ್‌ಫೀಲ್ಡ್ ಸಿಕ್ಕಿದರೆ ರಾಸ್ ರೈಫಲನ್ನು ಅಲ್ಲೇ ಬಿಸಾಡುತ್ತಿದ್ದರಂತೆ. ಮರುವರ್ಷ ಅದನ್ನು ರಣರಂಗದಿಂದ ಹಿಂದಕ್ಕೆ ತೆಗೆದರು. ಬೋಲ್ಟನ್ನು ಬಿಚ್ಚಿ ತಪ್ಪಾಗಿ ಜೋಡಿಸಿದರೆ ಬೀಗ ಬೀಳದೆಯೇ ಈಡು ಹಾರುವ ಅಪಾಯವೂ ಅದಕ್ಕಿತ್ತು.

ಕಚ್ಚಿಕೊಳ್ಳುವುದಕ್ಕೆ ಕಾರಣವಿದೆ. ಮಾಮೂಲು ಬೋಲ್ಟಿನ ಹಿಡಿಯನ್ನು ಮೇಲೆತ್ತುವಾಗ ಒಳಗಿನ ಓರೆ ಮೈ ಸನ್ನೆಯ ಬಲ ಕೊಟ್ಟು, ಖಾಲಿ ತೋಟೆಯನ್ನು ಅದರ ಗೂಡಿನಿಂದ ಮೊದಲು ಒಂದು ಕೂದಲಷ್ಟು ಸಡಿಲಿಸುತ್ತದೆ, ಎಳೆಯುವುದು ಆಮೇಲೆ. ನೇರ ಎಳೆತದಲ್ಲಿ ಈ ಬಲ ಕಡಿಮೆ, ಎಳೆಯುವ ತೋಳೇ ಆ ಕೆಲಸವನ್ನೂ ಮಾಡಬೇಕು. ನಾಲ್ಕು ಚಲನೆಯ ಬೋಲ್ಟನ್ನು ಹಳೇ ಬೇಟೆಗಾರರು ಬಿಟ್ಟುಕೊಡದಿರುವುದಕ್ಕೆ ಇದೇ ಆಧಾರ, ಅವರ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ನಾನು ಕಂದಕದಲ್ಲಿ ನಿಂತು ಹೊಡೆಯುವವನಲ್ಲ. ಚೊಕ್ಕಟವಾದ ಕಾರ್ಖಾನೆ ತೋಟೆಯಲ್ಲಿ ಮೂರು ಈಡು ಸರಾಗವಾಗಿ ಬಂದರೆ ನನಗೆ ಬೇಕಾದಷ್ಟಾಯಿತು.

ನೇರ ಎಳೆತಕ್ಕೆ ಮರುಜೀವ ಬಂದದ್ದು ಜರ್ಮನಿಯಲ್ಲಿ, ಕಾಡುಹಂದಿ ಸೋವುವ ಬೇಟೆಯಿಂದ. ಅಲ್ಲಿ 2016ರವರೆಗೂ ಅರೆಸ್ವಯಂಚಾಲಿತ ಬೇಟೆಕೋವಿಯ ಮ್ಯಾಗಜಿನ್ನಿನಲ್ಲಿ ಎರಡಕ್ಕಿಂತ ಹೆಚ್ಚು ತೋಟೆ ಹಿಡಿಸುವಂತಿರಲಿಲ್ಲ. ಬ್ರಿಟನ್ನಿನಲ್ಲಂತೂ 1988ರ ಕಾಯ್ದೆ ದೊಡ್ಡ ತೋಟೆಯ ಅರೆಸ್ವಯಂಚಾಲಿತ ರೈಫಲನ್ನೇ ನಿಷೇಧಿಸಿತು. ಕೈಯಿಂದಲೇ ಆಡಿಸಿದರೂ ಬಿರುಸಾಗಿ ಆಡುವ ಕೋವಿಗೆ ಗಿರಾಕಿ ಹುಟ್ಟಿದ್ದು ಹೀಗೆ. ಈಸ್ನಿ ಎಂಬ ಪುಟ್ಟ ಊರಿನ ಬ್ಲೇಸರ್ ಕಂಪನಿ 1993ರಲ್ಲಿ ಆರ್93 ತಂದಿತು, 2008ರಲ್ಲಿ ಆರ್8. ಈಗ ಝೂಲ್ ಊರಿನ ಮೆರ್ಕೆಲ್ ಕಂಪನಿಯ ಹೀಲಿಕ್ಸ್ ಇದೆ, ಇಟಲಿಯ ಬೆರೆಟ್ಟಾ ಬಿಆರ್‌ಎಕ್ಸ್1 ಇದೆ, ಅಮೆರಿಕದ ಸ್ಯಾವೇಜ್ ಕಂಪನಿಯ ಇಂಪಲ್ಸ್ ಇದೆ.

ಅಂಗಡಿಯಲ್ಲಿ ಎಲ್ಲವನ್ನೂ ಭುಜಕ್ಕಿಟ್ಟು ನೋಡಿದೆ, ಉಣ್ಣೆಯ ಕೈಗವಸು ಹಾಕಿಕೊಂಡೇ. ಸೆಪ್ಟೆಂಬರಿನಲ್ಲೇ ಮುಂಜಾವಿಗೆ ಹುಲ್ಲು ಬೆಳ್ಳಗಾಗುವ ಊರಿನಲ್ಲಿ ಬರಿಗೈ ಪರೀಕ್ಷೆಗೆ ಬೆಲೆಯಿಲ್ಲ. ಹೀಲಿಕ್ಸ್‌ನ ಬೋಲ್ಟು ಕವಚದೊಳಗೇ ಓಡಾಡುತ್ತದೆ, ಕೆನ್ನೆಯತ್ತ ಉಕ್ಕಿನ ಸರಳು ನುಗ್ಗಿ ಬರುವ ದಿಗಿಲಿಲ್ಲ; ಬೆಣ್ಣೆಯಂತೆ ಎನ್ನುವ ಸವಕಲು ಮಾತು ನೆನಪಾಗುವಷ್ಟು ನುಣುಪು. ಬೆರೆಟ್ಟಾದ ಬೋಲ್ಟಿನ ಹಿಡಿಯನ್ನೂ ಖಾಲಿ ತೋಟೆ ಹೊರಬೀಳುವ ಪಕ್ಕವನ್ನೂ ಎಡಬಲ ಬದಲಿಸಿಕೊಳ್ಳಬಹುದು, ಬೆಲೆಯೂ ಸಂಬಳದವರಿಗೆ ಎಟುಕುವಂಥದ್ದು. ಎಡಚರ ಕುಲಕ್ಕೆ ಇಷ್ಟು ಗೌರವ ಕೊಟ್ಟವರು ಕಡಿಮೆ. ಅದನ್ನೇ ಕೊಳ್ಳಬೇಕಿತ್ತು ಎಂದು ವಿವೇಕ ಇವತ್ತಿಗೂ ಹೇಳುತ್ತದೆ.

ಆದರೆ ಆರ್8ರ ಎಡಗೈ ಮಾದರಿಯನ್ನು ಕೈಗೆ ಕೊಟ್ಟ ಅಂಗಡಿಯವನು ಬೋಲ್ಟನ್ನು ಬಿಚ್ಚಿ ಅದರ ಮೂತಿ ತೋರಿಸಿದ. ಉಕ್ಕಿನ ಒಂದು ಬಳೆ, ಸುತ್ತಲೂ ಸೀಳಿ ಎಸಳೆಸಳು ಮಾಡಿದ್ದು. ಬೋಲ್ಟು ಮುಂದೆ ಹೋಗಿ ಹಿಡಿ ಕೊನೆಯ ಅರ್ಧ ಇಂಚು ವಾಲುವಾಗ ಆ ಎಸಳುಗಳೆಲ್ಲ ಕೊಡೆ ಬಿಚ್ಚಿದ ಹಾಗೆ ಅರಳಿ, ನಳಿಗೆಯ ಒಳಗೋಡೆಯಲ್ಲಿ ಕೊರೆದ ತೋಡಿನೊಳಗೆ ಸುತ್ತಲೂ ಕೂರುತ್ತವೆ. ಹಿಂದಕ್ಕೆಳೆದರೆ ಮುದುಡುತ್ತವೆ. ಒಂದೆರಡು ಗೂಟಕ್ಕೆ ಬೀಳುವ ಒತ್ತಡ ಇಲ್ಲಿ ಇಡೀ ಉಂಗುರಕ್ಕೆ ಹಂಚಿಹೋಗುತ್ತದೆ. ಅವನು ಇನ್ನೇನೋ ಹೇಳುತ್ತಿದ್ದ. ನಾನು ಬಳೆ ಅರಳಿಸುವುದು ಮುದುಡಿಸುವುದು ಮಾಡುತ್ತಾ ಅಲ್ಲೇ ಉಳಿದುಬಿಟ್ಟೆ.

ಮನಸ್ಸು ಕಟ್ಟಿಹಾಕಿದ್ದು ಮಾತ್ರ ಇನ್ನೊಂದು. ಹಿಡಿಯ ಹಿಂದೆ, ಹೆಬ್ಬೆರಳು ತಾನಾಗಿ ಬಂದು ಕೂರುವಲ್ಲಿ, ಒಂದು ಜಾರುಗುಂಡಿ ಇದೆ. ಅದನ್ನು ಮುಂದಕ್ಕೆ ಒತ್ತಿದರಷ್ಟೇ ಒಳಗಿನ ಸ್ಪ್ರಿಂಗು ಬಿಗಿಯುತ್ತದೆ. ಅಲ್ಲಿಯವರೆಗೆ ತೋಟೆ ಗೂಡಿನಲ್ಲಿದ್ದರೂ ಟ್ರಿಗರ್ ಎಳೆದರೆ ಏನೂ ಆಗದು. ಅಜ್ಜನಿಗಿಂತ ಹಿಂದಿನವರು ಕೇಪಿನ ಕೋವಿಯ ಕುದುರೆ ಎತ್ತುತ್ತಿದ್ದದ್ದು ಇದೇ ಕ್ರಮದಲ್ಲಿ: ಪ್ರಾಣಿ ಕಂಡ ಮೇಲೆ, ಹೊಡೆಯುವುದು ಖಚಿತವಾದ ಮೇಲೆ. ಬೇಟೆ ಮುಗಿದು ಪಾಚಿಗಟ್ಟಿದ ಬಂಡೆಗಳ ಮೇಲೆ ಜಾರುತ್ತಾ ಬರುವಾಗ ಗುಂಡಿಯನ್ನು ಹಿಂದಕ್ಕೆ ಬಿಟ್ಟರೆ ಸ್ಪ್ರಿಂಗು ಸಡಿಲ, ಮನಸ್ಸೂ ಸಡಿಲ. ಒತ್ತುವುದು ಬಿಗಿ, ನಿಜ. ಮರಗಟ್ಟಿದ ಹೆಬ್ಬೆರಳಿಗೆ ಬೈಗುಳ ನೆನಪಾಗುತ್ತದೆ. ಬೆಲೆಯ ವಿಷಯ ಮನೆಯಲ್ಲಿ ಇನ್ನೂ ಪೂರ್ತಿ ಹೇಳಿಲ್ಲ.

ತೋಟೆಯ ಮಾತಿಗೆ ಬಂದರೆ, ದೊಡ್ಡ ಪ್ರಾಣಿ ಎಂದ ಕೂಡಲೇ ದೊಡ್ಡ ತೋಟೆ ಎನ್ನುವವರು ಎಲ್ಲ ಊರಿನಲ್ಲೂ ಇದ್ದಾರೆ. ನಮ್ಮ ಹಿರಿಯನ ಹಳೇ ಹುಸ್ಕ್ವಾರ್ನಾ ಕೋವಿ 9.3×62ರದು, ಬರ್ಲಿನ್ನಿನ ಓಟೊ ಬಾಕ್ 1905ರಲ್ಲಿ ಆಫ್ರಿಕಾಕ್ಕೆ ಹೋಗುವ ವಲಸೆಗಾರರಿಗಾಗಿ ಮಾಡಿದ ತೋಟೆ. ಗಂಭೀರ ತೋಟೆ, ಭುಜಕ್ಕೂ ಗಂಭೀರ. ಇನ್ನೊಂದು ತುದಿಯಲ್ಲಿ ಇಲ್ಲಿಯವರ ಹೆಮ್ಮೆಯ 6.5×55 ಇದೆ. ಮೂಸಿಗೆ 10 ಗ್ರಾಮಿನ ಗುಂಡಾದರೆ ನೂರು ಮೀಟರಿನಲ್ಲಿ 2000 ಜೂಲ್ ಉಳಿದಿರಬೇಕು, 9 ಗ್ರಾಮಿನದಾದರೆ 2700 ಎಂದು ನಿಯಮ. ತೂಕದ ಗುಂಡು ಹಾಕಿದರೆ ಆ ಸಣ್ಣ ತೋಟೆಯೂ ಇಲ್ಲಿ ಪಾಸಾಗುತ್ತದೆ. ಬರೀ ವೇಗ ನಂಬುವವರು ಜಾರ್ಜ್ ಗ್ರೇಯನ್ನು ನೆನೆಯಬೇಕು. ಬ್ರಿಟನ್ನಿನ ವಿದೇಶಾಂಗ ಸಚಿವ ಸರ್ ಎಡ್ವರ್ಡ್ ಗ್ರೇಯ ಈ ತಮ್ಮ 1911ರಲ್ಲಿ ಈಗಿನ ಕೀನ್ಯಾದಲ್ಲಿ, ಅದೇ ರಾಸ್ ಕಂಪನಿಯ ರೈಫಲಿನಲ್ಲಿ, ಹಗುರವಾದ ಅತಿವೇಗದ ಗುಂಡಿನಿಂದ ಸಿಂಹಕ್ಕೆ ಹೊಡೆದ. ಮೇಲೆರಗಿ ಬಂದ ಸಿಂಹವನ್ನು ಆ ಗುಂಡು ತಡೆಯಲಿಲ್ಲ. ಆಗಿನ ವೇಗದ ಗುಂಡುಗಳು ಚರ್ಮದ ಹತ್ತಿರವೇ ಒಡೆದು ಚೂರಾಗುತ್ತಿದ್ದವು. ಬೋಲ್ಟು ಎಷ್ಟು ಚುರುಕಾಗಿದ್ದರೇನು?

ನಾನು .30-06 ಆರಿಸಿದೆ, 11.7 ಗ್ರಾಮಿನ ಗುಂಡು. 9.3 ಭುಜಕ್ಕೆ ಗುದ್ದಿ ದುರ್ಬೀನನ್ನು ಆಕಾಶಕ್ಕೆ ತಿರುಗಿಸಿದರೆ, ನೇರ ಎಳೆತಕ್ಕೆ ಸುರಿದ ದುಡ್ಡೆಲ್ಲ ಗುರಿಯನ್ನು ಮತ್ತೆ ಹುಡುಕುವುದರಲ್ಲೇ ಕರಗುತ್ತದೆ.

ಪರವಾನಗಿ ಬಂದ ಮೇಲೆ ಮೂಸ್ ಪಥಕ್ಕೆ ಹೋದೆ. ಎಂಬತ್ತು ಮೀಟರ್ ದೂರದಲ್ಲಿ ಹಲಗೆಯ ಮೂಸ್ ಹಳಿಯ ಮೇಲೆ ಅಡ್ಡ ಓಡುತ್ತದೆ, ಒಂದು ಓಟಕ್ಕೆ ಇಪ್ಪತ್ತಮೂರು ಮೀಟರ್. ಹೆಬ್ಬೆರಳು ಒತ್ತಿ, ಹಲಗೆಯ ಜೊತೆ ತಿರುಗುತ್ತಾ ಹೊಡೆದೆ. ಎಳೆದು ತಳ್ಳಿ ಮತ್ತೆ ಹೊಡೆದೆ. ನಡುವೆ ಮೂಸ್ ದುರ್ಬೀನಿನಿಂದ ಹೊರಗೆ ಹೋಗಲೇ ಇಲ್ಲ. ಹಿಂದೆ ನಿಂತಿದ್ದ ಹಿರಿಯ ಬೋಲ್ಟಿನ ಬಗ್ಗೆ ಒಂದು ಮಾತೂ ಆಡಲಿಲ್ಲ, ನೇರ ಹಲಗೆಯ ಹತ್ತಿರ ನಡೆದ. ಎರಡೂ ಎದೆಗೂಡಿನ ಉಂಗುರದೊಳಗಿದ್ದವು, ಎರಡನೆಯದು ಚೂರು ಮುಂದಕ್ಕೆ, ಅಂಚಿನ ಹತ್ತಿರ. "ಬೇಗ ಹೊಡೆದೆಯಲ್ಲ, ಅಷ್ಟು ಮುಂದೆ ಹಿಡಿಯುವುದು ಬೇಡ" ಎಂದು ತೂತಿಗೆ ಕಾಗದದ ಬಿಲ್ಲೆ ಅಂಟಿಸಿ, ತನ್ನ ಹುಸ್ಕ್ವಾರ್ನಾ ತರಲು ಹೋದ.