ನಿನ್ನ ಎಕ್ಸ್‌ರೇ ಸಿಕ್ಕಿತು, ಚಿಕ್ಕಮ್ಮಾ

ಅಮ್ಮತ್ತಿ,
ಭಾನುವಾರ ರಾತ್ರಿ

ಪ್ರೀತಿಯ ಚಿಕ್ಕಮ್ಮಾ,

ನೀನು ಹೋಗಿ ಆರು ವರ್ಷವಾಯಿತು. ನಿನಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ನೀನಿದ್ದಾಗ ಬರೆಯುವ ಪ್ರಮೇಯವೇ ಬರಲಿಲ್ಲ. ಸ್ಕೂಲಿನಿಂದ ಬಂದವಳೇ ಒಲೆಯ ಪಕ್ಕದ ಮಣೆಯ ಮೇಲೆ ಕೂತು ಎಲ್ಲವನ್ನೂ ಹೇಳಿಬಿಡುತ್ತಿದ್ದೆ. ಈಗಿನದನ್ನು ಅಮ್ಮನ ಹತ್ತಿರ ಪೂರ್ತಿ ಹೇಳಲಾಗಲಿಲ್ಲ, ಅವಳು ಅಳುತ್ತಾಳೆ. ನೀನಾಗಿದ್ದರೆ ಕೈಲಿದ್ದ ಕೆಲಸ ಬಿಡದೆ, ಕೊನೆಯವರೆಗೂ ಕೇಳಿಸಿಕೊಳ್ಳುತ್ತಿದ್ದೆ.

ಮೊದಲು ಮನೆಯ ಸುದ್ದಿ. ಹತ್ತು ದಿನದ ಹಿಂದೆ ಹೂಮಳೆ ಚೆನ್ನಾಗಿ ಬಂತು. ನಿನ್ನೆ ಬೆಳಗ್ಗೆ ಬಾಗಿಲು ತೆಗೆದರೆ ತೋಟವೆಲ್ಲ ಬೆಳ್ಳಗಾಗಿತ್ತು. ಹೂವಿನ ದಿನ ನೀನು ನಮ್ಮನ್ನು ಗಿಡಗಳ ಸಾಲಿನೊಳಗೆ ಬಿಡುತ್ತಿರಲಿಲ್ಲ. 'ಜೇನು ಕೆಲಸ ಮಾಡ್ತಿದೆ, ಅದರ ದಾರಿಗೆ ಹೋಗ್ಬೇಡಿ' ಅನ್ನುತ್ತಿದ್ದೆ. ಚಿಕ್ಕಪ್ಪ ಆರಾಮವಾಗಿದ್ದಾರೆ. ಮಂಡಿನೋವು ಇದ್ದೇ ಇದೆ, ಆದರೂ ಪೇಪರ್ ತರಲು ಪೇಟೆಗೆ ನಡೆದೇ ಹೋಗುತ್ತಾರೆ. ರಸ್ತೆಯಲ್ಲಿ ಆನೆ ಕಂಡ ಸುದ್ದಿ ಬಂದ ದಿನ ಮಾತ್ರ ಬಿಸಿಲೇರುವ ತನಕ ಕಾಯುತ್ತಾರೆ. ಅವರ ಚಿಂತೆ ಮಾಡಬೇಡ. ನಾವು ಹತ್ತಿರದಲ್ಲೇ ಇದ್ದೇವೆ, ರಾತ್ರಿ ಊಟ ನಮ್ಮಲ್ಲೇ.

ನನ್ನ ಸುದ್ದಿ ಹೇಳಲು ಸ್ವಲ್ಪ ಕಷ್ಟ. ಎರಡು ಸಲ ಬಸಿರಾದೆ ಚಿಕ್ಕಮ್ಮಾ, ಎರಡೂ ಉಳಿಯಲಿಲ್ಲ. ಮೊದಲನೆಯದು ಆಚೆ ವರ್ಷ, ಜುಲೈ ಮಳೆಯಲ್ಲಿ, ಎಂಟನೇ ವಾರಕ್ಕೆ. ಎರಡನೆಯದು ಹೋದ ಅಕ್ಟೋಬರ್‌ನಲ್ಲಿ, ಹದಿಮೂರು ವಾರ ತುಂಬಿದ ಮೇಲೆ, ಕಾವೇರಿ ಸಂಕ್ರಮಣದ ಮರುದಿನ. ಮನೆಯಲ್ಲಿ ಇನ್ನೂ ತೀರ್ಥದ ಬಾಟಲಿ ದೇವರ ಮುಂದಿತ್ತು. ಎರಡನೆಯದಕ್ಕೆ ನಾನು ಹೆಸರು ಯೋಚಿಸಿದ್ದೆ. ಅದನ್ನು ಯಾರಿಗೂ ಹೇಳಿಲ್ಲ, ನಿನಗೂ ಈಗ ಬೇಡ.

ಆಮೇಲೆ ಮೈಸೂರಿಗೆ ಹೋದೆವು. ಗೋಣಿಕೊಪ್ಪಲು, ತಿತಿಮತಿ, ಹುಣಸೂರು, ನೀನೂ ಚಿಕ್ಕಪ್ಪನೂ ಹೋಗುತ್ತಿದ್ದ ಅದೇ ದಾರಿ. ಅಲ್ಲಿ 3ಡಿ ಸ್ಕ್ಯಾನ್ ಮಾಡಿಸಿದರು. ಡಾಕ್ಟರಮ್ಮ ಚೀಟಿಯ ಹಿಂದೆ ಒಂದು ಪೇರಳೆಹಣ್ಣಿನಂಥ ಚಿತ್ರ ಬರೆದು, ಮೇಲಿನಿಂದ ನಡುವಿಗೆ ಒಂದು ಗೆರೆ ಇಳಿಸಿದರು. 'ನಿಮ್ಮ ಗರ್ಭಕೋಶದ ಒಳಗೆ ಹೀಗೊಂದು ಗೋಡೆ ಇದೆ, ಇದಕ್ಕೆ ಸೆಪ್ಟಮ್ ಅಂತೀವಿ' ಅಂದರು. ಆ ಗೋಡೆಗೆ ರಕ್ತದ ಹರಿವು ಕಡಿಮೆ ಇರಬಹುದಂತೆ. ಗರ್ಭ ಅಲ್ಲಿ ಬೇರು ಬಿಟ್ಟರೆ ನಿಲ್ಲುವುದು ಕಷ್ಟ ಎಂದು ಅನೇಕ ಡಾಕ್ಟರುಗಳು ಭಾವಿಸುತ್ತಾರಂತೆ. ಇಂಥ ಗೋಡೆ ಇದ್ದೂ, ಅದು ಇದೆಯೆಂದೇ ತಿಳಿಯದೆ, ದಿನ ತುಂಬಿ ಹೆತ್ತವರೂ ಬೇಕಾದಷ್ಟು ಜನ ಇದ್ದಾರಂತೆ.

ಅಲ್ಲಿಂದ ಬಂದ ಮೂರನೇ ದಿನಕ್ಕೆ ನಿನ್ನ ಪೆಟ್ಟಿಗೆ ಇಳಿಸಿದೆವು. ಸುಣ್ಣ ಬಳಿಸಲು ಅಟ್ಟ ಖಾಲಿ ಮಾಡಬೇಕಿತ್ತು. ನಿನ್ನ ಧಾರೆ ಸೀರೆಯ ಅಡಿಯಲ್ಲಿ ಕಂದು ಬಣ್ಣದ ದೊಡ್ಡ ಕವರು, ಅದರ ಮೇಲೆ ನಿನ್ನ ಹೆಸರು, 1988. ಒಳಗೆ ಎಕ್ಸ್‌ರೇ. ಕಿಟಕಿಯ ಬೆಳಕಿಗೆ ಹಿಡಿದೆ. ಕಪ್ಪು ಫಿಲ್ಮಿನ ನಡುವೆ ಬೆಳ್ಳಗೆ ಎರಡು ಕವಲು, ಬೇಲಿಯ ಕವೆಗೋಲಿನ ಹಾಗೆ. ನನ್ನ ಸ್ಕ್ಯಾನಿನ ಚಿತ್ರ ಪಕ್ಕದಲ್ಲಿಟ್ಟು ನೋಡಿದೆ. ಕಾಲಲ್ಲಿ ಬಲ ಉಳಿಯಲಿಲ್ಲ, ಅಲ್ಲೇ ಸುಣ್ಣದ ಬಕೆಟ್ಟಿನ ಪಕ್ಕ ಕೂತುಬಿಟ್ಟೆ.

ಚಿಕ್ಕಪ್ಪನನ್ನು ಕೇಳಿದೆ. ಎಷ್ಟೋ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: ಮೂರನೆಯದೂ ಹೋದ ಮೇಲೆ ಅದನ್ನು ತೆಗೆಸಿದ್ದು, ಬಣ್ಣದ ಔಷಧಿ ಒಳಗೆ ಬಿಡುವಾಗ ನೀನು ನೋವಿಗೆ ಮಂಚದ ಕಂಬಿ ಹಿಡಿದಿದ್ದು, ಡಾಕ್ಟರು ನಿನ್ನನ್ನು ಹೊರಗೆ ಕೂರಿಸಿ ಅವರೊಬ್ಬರಿಗೇ 'ಹೊಟ್ಟೆ ಕೊಯ್ದು ಸರಿ ಮಾಡಬೇಕಾದೀತು' ಅಂದದ್ದು. ಮನೆಯಲ್ಲಿ ಹಿರಿಯರು ಬೇಡವೆಂದರು. ಚಿಕ್ಕಪ್ಪ ನಿನಗೆ 'ಏನೂ ಇಲ್ಲವಂತೆ' ಎಂದು ಹೇಳಿದರು. ನಿನ್ನನ್ನು ಹೆದರಿಸಬಾರದೆಂದು ಹಾಗೆ ಹೇಳಿದೆ ಅಂದರು. ಅವರ ಕಣ್ಣು ನೋಡಿದರೆ ನೀನೂ ಕೋಪಿಸಿಕೊಳ್ಳುತ್ತಿರಲಿಲ್ಲ.

ಆದರೆ ಚಿಕ್ಕಮ್ಮಾ, 'ಏನೂ ಇಲ್ಲ' ಎಂದದ್ದರಿಂದಲೇ ಅಲ್ಲವೇ ನೀನು ಆ ಮೂಟೆಯನ್ನು ಹೊತ್ತದ್ದು? ನಾನು ಏಳನೇ ಕ್ಲಾಸಿನಲ್ಲಿದ್ದಾಗ ನೀನು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. ನಿನ್ನ ಮೂರನೇ ಬಸಿರಿನ ಸಮಯ, ಜನವರಿಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಂತು, ಕಣದಲ್ಲಿ ಕಾಫಿ ಹರಡಿತ್ತು, ಆಳುಗಳು ಹೋಗಿಯಾಗಿತ್ತು. ನೀನು ಓಡಿ ಬಾಚಿ ತುಂಬಿ ಅರ್ಧ ಮೂಟೆಯನ್ನು ಜಗಲಿಗೆ ಎಳೆದೆ. ನಾಲ್ಕನೇ ದಿನ ಮೂರನೆಯದು ಹೋಯಿತು. 'ನಾನು ಅವತ್ತು ಆ ಮೂಟೆ ಎಳೀಬಾರದಿತ್ತು' ಅಂದೆ. ಕಾಯಿಲೆಯಲ್ಲಿ ಮಲಗಿದಾಗಲೂ ಒಮ್ಮೆ ಅದನ್ನೇ ಅಂದೆ. ಅದಕ್ಕೇ ಈ ಕಾಗದ.

ಮುಂದಿನ ಸಲ ಮೈಸೂರಿಗೆ ಹೋದಾಗ ನಿನ್ನ ಫಿಲ್ಮನ್ನೂ ಒಯ್ದೆ. ಡಾಕ್ಟರಮ್ಮ ಅದನ್ನು ಲೈಟಿಗೆ ಹಿಡಿದು ನೋಡಿದರು. ಈ ಎಕ್ಸ್‌ರೇ ಒಳಗಿನ ಜಾಗವನ್ನು ಮಾತ್ರ ತೋರಿಸುತ್ತದಂತೆ. ಎರಡು ಕವಲು ಕಂಡರೆ ಒಳಗೆ ಗೋಡೆ ಇರಬಹುದು, ಇಲ್ಲವೇ ಗರ್ಭಕೋಶದ ಮೇಲ್ಭಾಗವೇ ಹೃದಯದ ಆಕಾರದಲ್ಲಿ ಒಳಕ್ಕೆ ತಗ್ಗಿರಬಹುದು. ಹೊರಮೈ ನೋಡದೆ ಎರಡನ್ನೂ ಬೇರ್ಪಡಿಸಲಾಗದು. ಈಗ 3ಡಿ ಸ್ಕ್ಯಾನಿನಲ್ಲೋ ಎಂಆರ್‌ಐನಲ್ಲೋ ಹೊರಮೈಯೂ ಕಾಣುತ್ತದೆ, ನಿನ್ನ ಕಾಲದಲ್ಲಿ ಅದಕ್ಕೇ ಹೊಟ್ಟೆಯೊಳಗೆ ನೋಡಬೇಕಿತ್ತು. ನಿನ್ನದು ಇಂಥದ್ದೇ ಎಂದು ಅವರು ಹೇಳಲಿಲ್ಲ. ಆದರೆ ಎರಡರಲ್ಲಿ ಯಾವುದಾದರೂ ಅದು ಹುಟ್ಟಿನಿಂದ ಬಂದದ್ದು ಎಂದರು.

ಹುಟ್ಟಿನಿಂದ ಅಂದರೆ ಹೇಗೆ ಎಂದು ಕೇಳಿದೆ. ಹೆಣ್ಣುಮಗು ತಾಯಿಯ ಹೊಟ್ಟೆಯಲ್ಲಿರುವಾಗ ಗರ್ಭಕೋಶ ಎರಡು ಸಣ್ಣ ನಾಳಗಳಾಗಿ ಶುರುವಾಗುತ್ತದೆ. 1830ರಲ್ಲಿ ಅವನ್ನು ವಿವರಿಸಿದ ಜರ್ಮನ್ ವಿಜ್ಞಾನಿ ಮ್ಯೂಲರ್ ಹೆಸರಿನಲ್ಲೇ ಇವತ್ತಿಗೂ ಕರೆಯುತ್ತಾರೆ. ಎರಡೂ ಹತ್ತಿರ ಬಂದು ಕೂಡುತ್ತವೆ, ಕೂಡಿದ ಮೇಲೆ ನಡುವಿನ ಗೋಡೆ ಕರಗುತ್ತದೆ. ಐದನೇ ತಿಂಗಳ ಹೊತ್ತಿಗೆ ಈ ಕೆಲಸ ಮುಗಿದಿರುತ್ತದೆ. ಕೆಲವರಲ್ಲಿ ಗೋಡೆ ಕರಗದೆ ಉಳಿಯುತ್ತದೆ, ಕೆಲವರಲ್ಲಿ ನಾಳಗಳೇ ಪೂರ್ತಿ ಕೂಡುವುದಿಲ್ಲ. ಅಷ್ಟೇ ಚಿಕ್ಕಮ್ಮಾ. ಅಜ್ಜಿ ಮಾಡಿದ ತಪ್ಪಲ್ಲ, ಯಾರ ಶಾಪವೂ ಅಲ್ಲ. ನೀನು ಕಣ್ಣು ಬಿಡುವ ಮೊದಲೇ ಆಗಿಹೋದದ್ದಕ್ಕೆ, ಆ ಸಂಜೆಯ ಮಳೆಗೂ ಅರ್ಧ ಮೂಟೆ ಕಾಫಿಗೂ ಏನು ಸಂಬಂಧ? ಒಂದು ದಿನ ಭಾರ ಎಳೆದ ಕಾರಣಕ್ಕೆ ಗರ್ಭ ಹೋಗಿರುತ್ತದೆಂದು ತಾವು ನಂಬುವುದಿಲ್ಲ ಎಂದು ಡಾಕ್ಟರಮ್ಮ ಎರಡು ಸಲ ಹೇಳಿದರು. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ಏರುಪೇರೇ ಕಾರಣವಂತೆ. ಗರ್ಭ ಕಳೆದುಕೊಂಡ ಹೆಂಗಸರಲ್ಲಿ ನೂರಕ್ಕೆ ಹದಿಮೂರು ಜನರಿಗೆ ಗರ್ಭಕೋಶದ ಆಕಾರದಲ್ಲೇ ಹುಟ್ಟಿನಿಂದ ಏನಾದರೊಂದು ವ್ಯತ್ಯಾಸ ಇರುತ್ತದೆಂದು 2011ರಲ್ಲಿ ಹಲವು ಅಧ್ಯಯನಗಳನ್ನು ಸೇರಿಸಿ ಲೆಕ್ಕ ಹಾಕಿದ್ದಾರೆ. ಅಮ್ಮತ್ತಿ ಸಂತೆಯಲ್ಲಿ ನಮ್ಮ ಪಕ್ಕ ನಿಂತು ಸೊಪ್ಪು ಆರಿಸುವವರಲ್ಲೂ ಇದ್ದಾರು.

ಈಗ ನನ್ನ ಮುಂದಿರುವುದು ಆಪರೇಷನ್ನಿನ ಪ್ರಶ್ನೆ. ಈಗ ಹೊಟ್ಟೆ ಕೊಯ್ಯುವುದಿಲ್ಲ. ಮುಟ್ಟು ಮುಗಿದ ಕೆಲವೇ ದಿನಗಳೊಳಗೆ, ಮಂಪರು ಬರುವ ಮದ್ದು ಕೊಟ್ಟು, ಕೆಳಗಿನಿಂದಲೇ ಸಣ್ಣ ದುರ್ಬೀನಿನಂಥ ಕೊಳವೆ ಬಿಟ್ಟು, ನೋಡುತ್ತ ನೋಡುತ್ತ ಪುಟ್ಟ ಕತ್ತರಿಯಿಂದ ಗೋಡೆಯನ್ನು ಬಿಡಿಸುತ್ತಾರೆ. ಹಿಸ್ಟರೋಸ್ಕೋಪಿ ಅನ್ನುತ್ತಾರೆ. ಹೊಲಿಗೆಯೂ ಇಲ್ಲ. ಸಾಮಾನ್ಯವಾಗಿ ಅವತ್ತೋ ಮರುದಿನವೋ ಮನೆಗೆ ಕಳಿಸುತ್ತಾರೆ. ಒಳಗೆ ಮಾಯಲು ಎರಡು ತಿಂಗಳು ಬಿಟ್ಟು, ಮತ್ತೆ ಪ್ರಯತ್ನ ಮಾಡಬಹುದಂತೆ.

ಕೇಳಿದಾಗ ಸುಲಭವೆನಿಸಿತು. ಇನ್ನೊಬ್ಬ ಡಾಕ್ಟರನ್ನೂ ಕಂಡೆವು. ಅವರು, 'ಅವಸರ ಮಾಡಬೇಡಿ' ಎಂದು ಬೇರೆಯದೇ ಮಾತು ಹೇಳಿದರು. ಎಷ್ಟೋ ವರ್ಷ ಎಲ್ಲರೂ, ಆಪರೇಷನ್ನಿಗೆ ಮೊದಲು ಗರ್ಭ ಹೋಗುತ್ತಿತ್ತು, ಆಮೇಲೆ ಉಳಿಯಿತು ಎಂಬ ಲೆಕ್ಕವನ್ನೇ ನಂಬಿದ್ದರಂತೆ. ಆದರೆ ಎರಡು ಸಲ ಹೋದವರಿಗೆ ಮೂರನೆಯದು ಏನೂ ಮಾಡದೆಯೂ ಉಳಿಯುವುದುಂಟು. ಹಾಗಾಗಿ ನೆದರ್ಲೆಂಡ್ಸಿನ ವೈದ್ಯರು ಬೇರೆ ದೇಶದವರನ್ನೂ ಸೇರಿಸಿಕೊಂಡು, ಇಂಥ ಗೋಡೆ ಇದ್ದ 80 ಹೆಂಗಸರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆಪರೇಷನ್, ಇನ್ನೊಂದಕ್ಕೆ ಕಾಯುವುದು. 2021ರಲ್ಲಿ ಫಲಿತಾಂಶ ಬಂತು. ಆಪರೇಷನ್ ಗುಂಪಿನಲ್ಲಿ ಲೆಕ್ಕಕ್ಕೆ ಸಿಕ್ಕ 39 ಜನರಲ್ಲಿ 12 ಜನರಿಗೆ ಜೀವಂತ ಮಗು, ಕಾದ 40 ಜನರಲ್ಲಿ 14 ಜನರಿಗೆ. ಹೆಚ್ಚುಕಡಿಮೆ ಒಂದೇ.

ಅವತ್ತು ಬಸ್ಸಿನಲ್ಲಿ ಹಿಂದಿರುಗುವಾಗ ನನ್ನ ಎದೆ ಕುಸಿದಿತ್ತು. ತಿತಿಮತಿಯ ಕಾಡು ದಾಟುವವರೆಗೂ ಇವರು ನನ್ನ ಕೈ ಬಿಡಲಿಲ್ಲ. ಮುಂದಿನ ಭೇಟಿಯಲ್ಲಿ ಆ ಅಂಕಿಗಳನ್ನು ಡಾಕ್ಟರಮ್ಮನ ಮುಂದಿಟ್ಟೆ. ಅವರು ಮುಚ್ಚಿಡಲಿಲ್ಲ. ಆ ಅಧ್ಯಯನ ನಿಜ, ಆದರೆ ಸಣ್ಣದು. ಎಂಟು ವರ್ಷ ಹುಡುಕಿದರೂ 80 ಜನ ಮಾತ್ರ ಸಿಕ್ಕರು, ಅವರಲ್ಲಿ ಬಸಿರೇ ನಿಲ್ಲದವರೂ, ನನ್ನಂತೆ ಬಸಿರು ಹೋದವರೂ ಬೆರೆತಿದ್ದರು. ಹಾಗಾಗಿ ವೈದ್ಯರಲ್ಲಿ ಇನ್ನೂ ಒಮ್ಮತವಿಲ್ಲ. 'ನಿಮ್ಮ ಗೋಡೆ ಉದ್ದವಿದೆ, ಎರಡು ಹೋಗಿವೆ, ಅದರಲ್ಲಿ ಒಂದು ಮೂರು ತಿಂಗಳು ದಾಟಿದ್ದು. ನಾನಾದರೆ ಮಾಡಿಸಿಕೊಳ್ಳುತ್ತಿದ್ದೆ. ಮಗು ಆಗಿಯೇ ಆಗುತ್ತದೆ ಎಂದು ಮಾತ್ರ ಹೇಳಲಾರೆ' ಅಂದರು. ಅಪಾಯಗಳನ್ನೂ ಎಣಿಸಿದರು. ಅಪರೂಪಕ್ಕೆ ಗರ್ಭಕೋಶಕ್ಕೆ ತೂತು ಬೀಳಬಹುದು, ಒಳಗಿನ ಪದರ ಅಂಟಿಕೊಳ್ಳಬಹುದು, ಬಹಳ ಅಪರೂಪಕ್ಕೆ ಮುಂದಿನ ಬಸಿರಿನಲ್ಲಿ ಆ ಜಾಗ ಬಿರಿಯಬಹುದು. ಹೃದಯದ ಆಕಾರದ ಗರ್ಭಕೋಶವನ್ನು ಗೋಡೆಯೆಂದು ತಪ್ಪು ತಿಳಿದು ಕತ್ತರಿಸಿದರೆ ದೊಡ್ಡ ಅನಾಹುತ, ಅದಕ್ಕೇ ಹೊರಮೈಯನ್ನು ಇನ್ನೊಮ್ಮೆ ಸ್ಕ್ಯಾನಿನಲ್ಲಿ ನೋಡಿ ಖಚಿತ ಮಾಡಿಕೊಂಡರು.

ನಿನಗೆ ಯಾರೂ ಏನೂ ಹೇಳಲಿಲ್ಲ. ನನಗೆ ಎಲ್ಲವನ್ನೂ ಹೇಳಿದರು, ತಮಗೆ ಗೊತ್ತಿಲ್ಲದ್ದನ್ನೂ ಸೇರಿಸಿ. ಹೆದರಿಕೆ ಇಬ್ಬರದೂ ಒಂದೇ ಇರಬಹುದು. ಆದರೆ ನಿನ್ನ ಹೆದರಿಕೆ ಜಾಗವಿಲ್ಲದೆ ನಿನ್ನ ಮೇಲೆಯೇ ತಿರುಗಿತು, ನನ್ನದಕ್ಕೆ ನಿಲ್ಲಲು ಒಂದು ನೆಲ ಸಿಕ್ಕಿದೆ. ಹೋದ ತಿಂಗಳೆಲ್ಲ ನಾನು ಕಲಿತದ್ದು ಇಷ್ಟೇ.

ಮಾಡಿಸಿಕೊಳ್ಳುತ್ತೇನೆ ಚಿಕ್ಕಮ್ಮಾ. ಮುಂದಿನ ತಿಂಗಳು, ಮುಟ್ಟಾದ ಮೇಲೆ. ಇವರು 'ನೀನು ಬೇಡ ಅಂದರೂ ನನಗೆ ಸರಿಯೇ' ಅಂದದ್ದರಿಂದಲೇ ಹೂಂ ಅನ್ನುವ ಧೈರ್ಯ ಬಂತು. ಅತ್ತೆಗೆ ಕುಕ್ಕೆಯಲ್ಲಿ ಸರ್ಪಸಂಸ್ಕಾರ ಮಾಡಿಸಬೇಕೆಂದು ಆಸೆ. 'ಹೋಗೋಣ ಅತ್ತೆ, ಸುಬ್ರಹ್ಮಣ್ಯನಿಗೆ ಕೈ ಮುಗಿದರೆ ನನಗೂ ಸಮಾಧಾನ' ಅಂದೆ. 'ಒಂದೇ ಮಾತು ನಡೆಸಿಕೊಡಿ. ಇಷ್ಟಾದ ಮೇಲೂ ಮಗು ಆಗದಿದ್ದರೆ, ನಾನು ಏನು ತಿಂದೆ, ಏನು ಎತ್ತಿದೆ, ಎಲ್ಲಿ ನಡೆದೆ ಎಂದು ಯಾರೂ ಹುಡುಕಬಾರದು' ಎಂದೂ ಅಂದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನ ತಲೆ ಸವರಿದರು. ತಮಗೂ ಒಂದು ಹೋಗಿತ್ತೆಂದು ಅವತ್ತು ರಾತ್ರಿ ಹೇಳಿದರು. ನಲವತ್ತು ವರ್ಷದಿಂದ ಯಾರಿಗೂ ಹೇಳಿರಲಿಲ್ಲವಂತೆ.

ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಚಿಕ್ಕಪ್ಪನಿಗೂ ಚಿತ್ರ ಬರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು. 'ಹಾಗಾದರೆ ಮೂಟೆಯಿಂದ ಅಲ್ಲವಾ?' ಎಂದು ಕೇಳಿದರು. ಅಲ್ಲ ಚಿಕ್ಕಪ್ಪ ಅಂದೆ. ಮತ್ತೊಮ್ಮೆ ಕೇಳಿದರು. ಅವರೂ ಇಷ್ಟು ವರ್ಷ ಅದನ್ನೇ ಹೊತ್ತಿದ್ದರು, ಅವತ್ತು ಮನೆಯಲ್ಲಿರದೆ ಪೇಟೆಗೆ ಹೋಗಿದ್ದಕ್ಕೆ. ಎದ್ದು ಹೋಗಿ ಜಗಲಿಯಲ್ಲಿ ನಿಂತರು, ಕಣದ ಕಡೆ ನೋಡುತ್ತ.

ನಿನ್ನ ಫಿಲ್ಮನ್ನು ಮತ್ತೆ ಸೀರೆಯ ಅಡಿಗೆ ಇಡುವುದಿಲ್ಲ. ನನ್ನ ರಿಪೋರ್ಟುಗಳ ಫೈಲಿನಲ್ಲಿ, ನನ್ನದರ ಜೊತೆ ಇಟ್ಟಿದ್ದೇನೆ. ಮುಂದೆ ನಮ್ಮ ಮನೆಯ ಯಾವ ಹೆಣ್ಣುಮಗಳಿಗೆ ಬೇಕಾದರೂ ಸಿಗಲಿ. ನೀನು ಕೊನೆಯವರೆಗೂ ಯಾರಿಗೂ ಅಮ್ಮನಾಗಲಿಲ್ಲ ಎಂದು ಊರವರು ಅಂದುಕೊಂಡಿದ್ದಾರೆ. ಐದನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೆ ನನ್ನ ಜಡೆ ಹೆಣೆದವರು ಯಾರೆಂದು ನನಗೆ ಗೊತ್ತು.

ಮಳೆ ಬರುವ ಹಾಗಿದೆ. ಈ ವರ್ಷದ ಕಾಫಿ ಎಲ್ಲ ಒಣಗಿ ಒಳಗೆ ಸೇರಿದೆ, ಕಣ ಖಾಲಿ ಇದೆ. ನೀನು ಎದ್ದು ಓಡಬೇಕಾಗಿಲ್ಲ. ಆ ಮೂಟೆ ಇಳಿಸಿ ಸುಧಾರಿಸಿಕೊ.

ನಿನ್ನ,
ಪುಟ್ಟಿ